ಒಂದು ವರ್ಷ ಆಯಿಲ್ ಅಡಿಟಿವ್ ಹಾಕಿ ಓಡಿಸಿದ ಮೇಲೆ

ಇಂಜಿನ್ ಆಯಿಲ್‌ಗೆ ಬೆರೆಸಿದರೆ ಗಾಡಿಗೆ ಒಳ್ಳೇದು ಅಂತ ಮಾರುವ ಅಡಿಟಿವ್: ಒಂದು ವರ್ಷ, ನಾಲ್ಕು ಬಾಟಲಿ, ಒಂದೊಂದಕ್ಕೆ 450 ರೂಪಾಯಿ. ಹೆಸರು ಬರೆಯುತ್ತಿಲ್ಲ. ಇದೇ ಥರದ್ದು ಹತ್ತಾರು ಹೆಸರಲ್ಲಿ ಸಿಗುತ್ತದೆ, ಮಾರುವ ರೀತಿಯೂ ಹೆಚ್ಚುಕಮ್ಮಿ ಒಂದೇ. ನನಗೆ ಬೇಜಾರಾಗಿರುವುದು ಆ ಮಾರುವ ರೀತಿಯ ಮೇಲೆ.

ನನ್ನದು ಹಳೇ ಸ್ಪ್ಲೆಂಡರ್. ತುಮಕೂರಿನಿಂದ ಗುಬ್ಬಿಗೆ ದಿನಾ ಹೋಗಿ ಬರುತ್ತೇನೆ, ಹತ್ತಿರ ಹತ್ತಿರ 40 ಕಿಲೋಮೀಟರ್. ಭಾನುವಾರ ಕಾಫಿ ಆದ ಮೇಲೆ ಗಾಡಿಗೆ ಸೆಂಟರ್ ಸ್ಟ್ಯಾಂಡ್ ಹಾಕಿ, ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಬಿಚ್ಚಿ, ಹಳೇ ಬನಿಯನ್ ತುಂಡಲ್ಲಿ ಒರೆಸುತ್ತೇನೆ. ಮತ್ತೆ ಒಳಗೆ ಬಿಡುವಾಗ ತಿರುಪಬಾರದು, ಸುಮ್ನೆ ಕೂರಿಸಿ ತೆಗೆಯಬೇಕು. ಆಯಿಲ್ ಜೇನಿನ ಬಣ್ಣ ಹೋಗಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುವುದನ್ನು ವಾರ ವಾರ ನೋಡುವುದೇ ನನಗೊಂದು ಖುಷಿ. 3,000 ಕಿಲೋಮೀಟರ್‌ಗೆ ಆಯಿಲ್ ಚೇಂಜ್. ಪೆಟ್ರೋಲ್ ಹಾಕಿಸಿದಾಗಲೆಲ್ಲ ಲೀಟರ್, ಮೀಟರ್ ಎರಡೂ ನೋಟ್‌ಬುಕ್ಕಿಗೆ ಹೋಗುತ್ತದೆ. ಇಷ್ಟು ನೋಡಿಕೊಳ್ಳುವವನಿಗೆ ಗಾಡಿಗೆ ಇನ್ನೂ ಏನಾದರೂ ಒಳ್ಳೇದು ಮಾಡೋಣ ಅನಿಸುತ್ತದೆ ಅಲ್ವಾ? ಆ ಆಸೆಯನ್ನೇ ಅವರು ಹಿಡಿಯುವುದು.

ಒಂದು ಪೆಟ್ರೋಲ್ ಬಂಕ್ ಮುಂದೆ ಟೇಬಲ್ ಹಾಕಿಕೊಂಡು ಒಬ್ಬ ನಿಂತಿದ್ದ. ಚಿಕ್ಕ ಮೋಟರ್, ಅದಕ್ಕೊಂದು ತಿರುಗುವ ಉಕ್ಕಿನ ರಿಂಗ್, ಕೆಳಗೆ ಆಯಿಲ್ ಬಟ್ಟಲು. ರಿಂಗ್ ಮೇಲೆ ಒಂದು ರೋಲರನ್ನು ಸನ್ನೆಕೋಲಿನಿಂದ ಒತ್ತುವ ವ್ಯವಸ್ಥೆ. ಮೊದಲು ಬರೀ ಆಯಿಲ್. ಎರಡು ತೂಕ ನೇತು ಹಾಕಿದ್ದೇ ತಡ, ಕಿರ್ ಅಂತ ಕಿರುಚಿ ಮೋಟರ್ ನಿಂತಿತು. ರೋಲರ್ ಮೇಲೆ ಉಗುರಿನಷ್ಟು ಗಾಯ. ಆಮೇಲೆ ಅದೇ ಬಟ್ಟಲಿಗೆ ಅವನ ಬಾಟಲಿಯಿಂದ ಸ್ವಲ್ಪ ಸುರಿದ. ಆರು ತೂಕ ಹಾಕಿದರೂ ರಿಂಗ್ ತಿರುಗುತ್ತಲೇ ಇತ್ತು. 'ಸಾರ್, ನೀವೇ ಒತ್ತಿ ನೋಡಿ' ಅಂದ. ಒತ್ತಿದೆ, ನಿಲ್ಲಲಿಲ್ಲ. ಅಲ್ಲೇ ಒಂದು ಬಾಟಲಿ ತಗೊಂಡೆ.

ಮೊದಲ ತಿಂಗಳು ಸೌಂಡ್ ನಯವಾಗಿತ್ತು. ಎಲ್ಲರಿಗೂ ಹೇಳಿಕೊಂಡು ಬಂದೆ. ಆದರೆ ಅದೇ ದಿನ ನಾನು ಹೊಸ ಆಯಿಲ್ ಕೂಡ ಹಾಕಿಸಿದ್ದೆ. ಹೊಸ ಆಯಿಲ್ ಹಾಕಿದಾಗಲೆಲ್ಲ ಗಾಡಿ ಹಾಗೇ ಇರುತ್ತದೆ. ನೋಟ್‌ಬುಕ್ ತೆಗೆದು ನೋಡಿದರೆ ಮೈಲೇಜ್ ಹಿಂದೆ 61, 63. ಈಗಲೂ 62, 61, 63. ಆದರೂ ನಿಲ್ಲಿಸಲಿಲ್ಲ. ಆ ಆರು ತೂಕ ಕಣ್ಣಿಗೆ ಕಟ್ಟಿತ್ತು.

ನಾಲ್ಕನೇ ಬಾಟಲಿ ಹಾಕಿದ ಮೇಲೆ ಒಂದು ಭಾನುವಾರ ಮನೆಯವರನ್ನು ಕೂರಿಸಿಕೊಂಡು ದೇವರಾಯನದುರ್ಗ ಹತ್ತುತ್ತಿದ್ದೆ. ರೇಸ್ ಕೊಟ್ಟರೆ ಇಂಜಿನ್ ಕೂಗುತ್ತದೆ, ಗಾಡಿ ಎಳೆಯುತ್ತಿಲ್ಲ. ಅವರನ್ನು ಇಳಿಸಿ ಅರ್ಧ ದಾರಿ ನಡೆಸಿದೆ. ಆ ಬಿಸಿಲಲ್ಲಿ ಅವರು ಏನೂ ಅನ್ನದೆ ನಡೆದದ್ದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಮೆಕ್ಯಾನಿಕ್ ಹುಡುಗ ಒಂದು ರೌಂಡ್ ಓಡಿಸಿ ಬಂದು ಕೇಳಿದ್ದು ಒಂದೇ: 'ಅಣ್ಣ, ಆಯಿಲ್‌ಗೆ ಏನಾದ್ರೂ ಬೆರೆಸಿದ್ರಾ?' ನಮ್ಮ ಬೈಕುಗಳಲ್ಲಿ ಇಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಕ್ಲಚ್ ಪ್ಲೇಟ್‌ಗಳು ಅದರಲ್ಲೇ ಮುಳುಗಿರುತ್ತವೆ, ಆದರೂ ಇಂಜಿನ್ ಬಲ ಚಕ್ರಕ್ಕೆ ಹೋಗಲು ಒಂದನ್ನೊಂದು ಗಟ್ಟಿಯಾಗಿ ಹಿಡಿಯಬೇಕು. ಆಯಿಲ್ ಡಬ್ಬದ ಮೇಲೆ ಜಾಸೋ ಎಂಎ (ಜಪಾನಿನ ಒಂದು ಗುಣಮಟ್ಟದ ಗುರುತು) ಅಂತ ಬರೆದಿರುವುದು ಇದಕ್ಕೇ, ಕ್ಲಚ್ ಜಾರದಷ್ಟು ಹಿಡಿತ ಇದೆ ಅಂತ. ಅದಕ್ಕೆ ಇನ್ನಷ್ಟು ಜಾರುವ ವಸ್ತು ಸುರಿದರೆ ಆ ಲೆಕ್ಕವೇ ಕೆಡುತ್ತದೆ. ಹುಡುಗ ಆಯಿಲ್ ಬಸಿದು ಹೊಸದು ಹಾಕಿದ. ಸ್ವಲ್ಪ ಸುಧಾರಿಸಿತು, ಪೂರ್ತಿ ಹೋಗಲಿಲ್ಲ. ಪ್ಲೇಟ್ ಬದಲಿಸಿ ಕೂಲಿ ಸೇರಿ 1,150 ಆಯಿತು. ಪ್ಲೇಟ್‌ಗೂ ವಯಸ್ಸಾಗಿತ್ತು ಅಂತ ಅವನೇ ಹೇಳಿದ, ಹಾಗಾಗಿ ತಪ್ಪೆಲ್ಲ ಬಾಟಲಿಯದೇ ಅನ್ನಲಾರೆ.

ಆದರೆ ಆ ಯಂತ್ರ ತಲೆಯಿಂದ ಹೋಗಲಿಲ್ಲ. ಲೇತ್ ಇಟ್ಟಿರುವ ಗೆಳೆಯನ ಹತ್ತಿರ ಹೋದೆ. ಹಳೇ ಗ್ರೈಂಡರ್ ಮೋಟರ್‌ಗೆ ಬೇರಿಂಗ್ ರಿಂಗ್ ಸಿಕ್ಕಿಸಿ, ಕಬ್ಬಿಣದ ಪಟ್ಟಿಯ ಸನ್ನೆಕೋಲು ಮಾಡಿ, ತೂಕದ ಕಲ್ಲು ನೇತು ಹಾಕಿದೆವು. ಬರೀ ಆಯಿಲ್‌ನಲ್ಲಿ ಎರಡು ಕೆಜಿಗೆ ನಿಂತಿತು. ಏನೂ ಬೆರೆಸದೆ, ರೋಲರ್ ತಿರುಗಿಸದೆ, ಅದೇ ಗಾಯದ ಮೇಲೆ ಮತ್ತೆ ಒತ್ತಿದೆವು. ನಾಲ್ಕು ಕೆಜಿ ತಡೆಯಿತು! ಮೊದಲು ರೋಲರ್ ಕೂದಲೆಳೆಯಷ್ಟು ಜಾಗದಲ್ಲಿ ತಾಗುತ್ತದೆ, ಒತ್ತಡ ವಿಪರೀತ. ಒಮ್ಮೆ ಸವೆದು ಚಪ್ಪಟೆಯಾದ ಮೇಲೆ ಅದೇ ಭಾರ ಅಗಲಕ್ಕೆ ಹಂಚಿಹೋಗುತ್ತದೆ. ಬಂಕ್ ಮುಂದೆ ಅವನು ರೋಲರ್ ತಿರುಗಿಸಿರಲೇ ಇಲ್ಲ, ನನಗೆ ಚೆನ್ನಾಗಿ ನೆನಪಿದೆ.

ಆಮೇಲೆ ರೋಲರನ್ನು ಹೊಸ ಮುಖಕ್ಕೆ ತಿರುಗಿಸಿ, ಬಟ್ಟಲು ತೊಳೆದು, ಒಂದು ರೂಪಾಯಿಯ ಶಾಂಪೂ ಪೊಟ್ಟಣ ಹಿಂಡಿದೆವು. ಐದು ಕೆಜಿ. ಹಾಗಂತ ಇಂಜಿನ್‌ಗೆ ಶಾಂಪೂ ಹಾಕುತ್ತೀರಾ?

ಇಂಥ ಪರೀಕ್ಷೆ ಹುಟ್ಟಿದ್ದು ಭಾರೀ ಒತ್ತಡ ತಡೆಯುವ ಗೇರ್ ಆಯಿಲ್, ಗ್ರೀಸ್ ಅಳೆಯಲು. ಇಂಜಿನ್ ಒಳಗೆ ಹೆಚ್ಚಿನ ಕಡೆ ಆಯಿಲ್ ಪದರವೇ ಲೋಹವನ್ನು ದೂರ ಇಡುತ್ತದೆ. ಲೋಹಕ್ಕೆ ಲೋಹ ತಾಗುವ ಕಡೆಗೆ ಬೇಕಾದ ಸತು, ರಂಜಕದ ಸಂಯುಕ್ತವನ್ನು ಆಯಿಲ್ ತಯಾರಿಸುವವರೇ ಅಳತೆ ಮಾಡಿ ಹಾಕಿರುತ್ತಾರೆ. ಇಂಥ ಕೆಲವು ಬಾಟಲಿಗಳಲ್ಲಿ ಕ್ಲೋರಿನ್ ಸೇರಿಸಿದ ಪ್ಯಾರಫಿನ್ ಇರುತ್ತದೆ. ಇಂಥ ಪರೀಕ್ಷೆಯಲ್ಲಿ ಅದು ಗೆಲ್ಲುತ್ತದೆ, ಆದರೆ ಇಂಜಿನ್ ಒಳಗಿನ ಬಿಸಿಗೂ ತೇವಕ್ಕೂ ಸಿಕ್ಕರೆ ಆಮ್ಲ ಆಗಿ ಲೋಹ ತಿನ್ನಬಹುದು. ಅಮೆರಿಕದಲ್ಲಿ ಸ್ಲಿಕ್ 50 ಅನ್ನೋ ಇಂಥದ್ದೇ ಅಡಿಟಿವ್‌ನ ಜಾಹೀರಾತುಗಳ ಮೇಲೆ, ಸುಳ್ಳು ಜಾಹೀರಾತು ತಡೆಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲೇ ಕ್ರಮ ತಗೊಂಡಿತ್ತು. ಸ್ಟಾರ್ಟ್ ಮಾಡುವಾಗ ಇಂಜಿನ್‌ಗೆ ರಕ್ಷಣೆಯೇ ಇರುವುದಿಲ್ಲ ಅಂತ ಆ ಜಾಹೀರಾತು ಹೆದರಿಸುತ್ತಿತ್ತು. ಮ್ಯಾನ್ಯುಯಲ್‌ನಲ್ಲಿ ಹೇಳಿದ ಆಯಿಲ್ ಹಾಕಿದರೆ ಹೆಚ್ಚಿನ ಇಂಜಿನ್‌ಗಳಿಗೆ ಸಾಕಷ್ಟು ರಕ್ಷಣೆ ಇರುತ್ತದೆ ಅಂತ ಕಮಿಷನ್ ಹೇಳಿತು. 1997ರಲ್ಲಿ ಪ್ರಕರಣ ಒಪ್ಪಂದದಲ್ಲಿ ಮುಗಿಯಿತು.

ನಾಲ್ಕು ಬಾಟಲಿಯ 1,800 ರೂಪಾಯಿಗೆ ನನಗೆ ಒಂದು ವರ್ಷಕ್ಕಾಗುವಷ್ಟು ಒಳ್ಳೆ 10ಡಬ್ಲ್ಯು-30 ದರ್ಜೆಯ ಆಯಿಲ್ ಬರುತ್ತಿತ್ತು. ನಿಮ್ಮೂರಲ್ಲಿ ಆ ಟೇಬಲ್ ಕಂಡರೆ, ಬಟ್ಟಲು ತೊಳೆದು, ರೋಲರ್ ತಿರುಗಿಸಿ, ಆಮೇಲೆ ತೋರಿಸಿ ಅಂತ ಕೇಳಿ. ಈಗ ಎಂಟು ತಿಂಗಳಿಂದ ಬರೀ ಆಯಿಲ್. ಮೈಲೇಜ್ 62. ಹೋದ ವಾರ ಇಬ್ಬರೂ ಕೂತೇ ದುರ್ಗ ಹತ್ತಿದೆವು.