ಜೇಬಿನ ಕ್ಯಾಮೆರಾ ಯಾವುದು? ಜಿಆರ್ 3, ಆರ್‌ಎಕ್ಸ್‌100 ಮಾರ್ಕ್ 7, ಜಿ7 ಎಕ್ಸ್ ಮಾರ್ಕ್ 3 ಬಳಸಿ ನೋಡಿದ ಮೇಲೆ

ಕಾಂಪ್ಯಾಕ್ಟ್ ಕ್ಯಾಮೆರಾ ಯಾವುದು ಕೊಳ್ಳಲಿ ಎಂದು ಕೇಳುವವರಿಗೆ ನಾನು ತಿರುಗಿ ಕೇಳುವ ಪ್ರಶ್ನೆ ಒಂದೇ: ನೀವು ತೆಗೆಯುವ ಫೋಟೊಗಳಲ್ಲಿ ಹೆಚ್ಚಿನವು ಹತ್ತಿರದವೋ ದೂರದವೋ, ಬಿಸಿಲಿನವೋ ಮಬ್ಬು ಬೆಳಕಿನವೋ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಮೆಗಾಪಿಕ್ಸೆಲ್ ಲೆಕ್ಕವೆಲ್ಲ ಆಮೇಲಿನ ಮಾತು.

ಇಲ್ಲಿ ಹೋಲಿಸುತ್ತಿರುವುದು ಮೂರು ಕ್ಯಾಮೆರಾಗಳನ್ನು: ರಿಕೋ ಜಿಆರ್ 3, ಸೋನಿ ಆರ್‌ಎಕ್ಸ್‌100 ಮಾರ್ಕ್ 7, ಕ್ಯಾನನ್ ಪವರ್‌ಶಾಟ್ ಜಿ7 ಎಕ್ಸ್ ಮಾರ್ಕ್ 3. ಮೂರೂ 2019ರಲ್ಲಿ ಮಾರುಕಟ್ಟೆಗೆ ಬಂದವು. ತೂಕದಲ್ಲಿ ಜಿಆರ್ 257 ಗ್ರಾಂ, ಉಳಿದೆರಡು 300ರ ಆಸುಪಾಸು. ಒಂದು ನನ್ನದು, ಎರಡು ಗೆಳೆಯರವು. ಅದಲುಬದಲು ಮಾಡಿಕೊಂಡು ಒಂದೇ ಜಾಗಗಳಲ್ಲಿ ಬಳಸಿದ್ದರಿಂದ ಹೋಲಿಸಿ ಹೇಳುವ ಧೈರ್ಯ ಬಂದಿದೆ.

ಫೋನ್ ಇರುವಾಗ ಇವೆಲ್ಲ ಯಾಕೆ ಎಂಬ ಪ್ರಶ್ನೆ ಸಹಜ. ಹಗಲಿನಲ್ಲಿ, ಎದುರಿಗಿರುವ ದೃಶ್ಯಕ್ಕೆ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಕ್ಕೆ ಒಳ್ಳೆಯ ಫೋನ್ ಧಾರಾಳ ಸಾಕು. ಬಿಸಿಲು ನೆರಳು ಎರಡೂ ಇರುವ ದೃಶ್ಯವನ್ನು ಫೋನು ಹಲವು ಚಿತ್ರಗಳನ್ನು ಬೆಸೆದು ಚೆನ್ನಾಗಿಯೇ ನಿಭಾಯಿಸುತ್ತದೆ. ಆದರೆ ಸರಿಯುವ ಗಾಜಿನಿಂದಾಗುವ ನಿಜವಾದ ಝೂಮ್, ಓಡುವ ಮಗುವನ್ನು ಕತ್ತಲೆಯಲ್ಲೂ ಹಿಡಿದು ನಿಲ್ಲಿಸುವ ನಿಜವಾದ ಫ್ಲಾಷ್, ಬೆರಳಿನ ಕೆಳಗೇ ಇರುವ ಗುಂಡಿ ಮತ್ತು ಚಕ್ರಗಳು ಬೇಕೆಂದರೆ ಕ್ಯಾಮೆರಾವೇ ಬೇಕು. ಇದರಲ್ಲಿ ಯಾವುದೂ ನಿಮಗೆ ಬೇಡವಾದರೆ ದುಡ್ಡು ಉಳಿಸಿಕೊಳ್ಳಿ, ನಿಜವಾಗಿ ಹೇಳುತ್ತಿದ್ದೇನೆ.

ಈಗ ಬೆಳಕಿನ ಲೆಕ್ಕ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಪಳಗಿದವರೂ ಇಲ್ಲಿ ಎಡವುತ್ತಾರೆ. ಲೆನ್ಸಿನ ಹಿಂದೆ ಬೆಳಕನ್ನು ಚಿತ್ರವಾಗಿಸುವ ಚಿಪ್ಪೇ ಸೆನ್ಸರ್. ಜಿಆರ್ 3ರಲ್ಲಿರುವುದು 23.5×15.6 ಎಂಎಂನ ಎಪಿಎಸ್‌-ಸಿ ಸೆನ್ಸರ್. ಸೋನಿ ಮತ್ತು ಕ್ಯಾನನ್‌ನಲ್ಲಿ 'ಒಂದು ಇಂಚು' ಎಂದು ಕರೆಯುವ 13.2×8.8 ಎಂಎಂನದು. ವಿಸ್ತೀರ್ಣದಲ್ಲಿ ಜಿಆರ್ ಸೆನ್ಸರ್ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಹಾಗಾದರೆ ಕತ್ತಲೆಯಲ್ಲಿ ಜಿಆರ್ ಮೂರು ಪಟ್ಟು ಮೇಲು ಎನ್ನಬಹುದೇ? ಸೋನಿ ಎದುರಿಗೆ ಹೌದು. ಎರಡರ ಲೆನ್ಸೂ ಎಫ್/2.8ಕ್ಕೇ ತೆರೆಯುತ್ತದೆ (ಎಫ್ ಎಂಬುದು ಬೆಳಕು ಬಿಡುವ ಕಿಂಡಿಯ, ಅಂದರೆ ಅಪರ್ಚರಿನ ಅಳತೆ; ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಆದ್ದರಿಂದ ಸೆನ್ಸರಿನ ಲಾಭ ಪೂರ್ತಿ ಜಿಆರ್‌ಗೇ. ಆದರೆ ಕ್ಯಾನನ್ ಲೆನ್ಸ್ 24 ಎಂಎಂನಲ್ಲಿ, ಅಂದರೆ ಝೂಮ್ ಮಾಡದೆ ಅತಿ ಅಗಲವಾಗಿ ನೋಡುವಾಗ, ಎಫ್/1.8ರವರೆಗೆ ತೆರೆಯುತ್ತದೆ. ಎಫ್/2.8ಕ್ಕಿಂತ ಅದು ಸುಮಾರು ಎರಡೂವರೆ ಪಟ್ಟು ಬೆಳಕು ಬಿಡುತ್ತದೆ. ಸೆನ್ಸರಿನಲ್ಲಿ ಕಳೆದುಕೊಂಡದ್ದನ್ನು ಲೆನ್ಸಿನಲ್ಲಿ ಬಹುಮಟ್ಟಿಗೆ ಗಿಟ್ಟಿಸಿಕೊಳ್ಳುತ್ತದೆ. ಕೊನೆಗೆ ಉಳಿಯುವ ಅಂತರ ಅರ್ಧ ಸ್ಟಾಪಿಗಿಂತ ಕಡಿಮೆ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು). ದೊಡ್ಡ ಸೆನ್ಸರ್ ಎಂಬ ಒಂದೇ ಮಾತನ್ನು ನಂಬಿ ಹಣ ಕೊಡಬೇಡಿ ಎಂದು ನಾನು ಹೇಳುವುದು ಇದಕ್ಕೇ. ಸೆನ್ಸರನ್ನೂ ಅಪರ್ಚರನ್ನೂ ಒಟ್ಟಿಗೆ ನೋಡಬೇಕು, ಅದೂ ನೀವು ಹೆಚ್ಚಾಗಿ ಬಳಸುವ, ಎಂಎಂನಲ್ಲಿ ಹೇಳುವ (ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ದೂರದ್ದು ಹತ್ತಿರ) ಫೋಕಲ್ ಲೆಂತ್‌ನಲ್ಲಿ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಒಳಗೆ ಈ ಲೆಕ್ಕ ಕಣ್ಣಿಗೆ ಕಾಣುತ್ತದೆ. ಕಡೆದು ನುಣುಪಾಗಿಸಿದ ಕಂಬಗಳ ಮೇಲೆ ಬಾಗಿಲಿನಿಂದ ಬರುವ ಬೆಳಕಿನ ಒಂದು ಗೆರೆ ಬಿಟ್ಟರೆ ಉಳಿದದ್ದೆಲ್ಲ ಮಬ್ಬು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಬಳಸುವಂತಿಲ್ಲ, ಕೈಯಲ್ಲೇ ಹಿಡಿದು ತೆಗೆಯಬೇಕು. ಕಂಬ ಅಲುಗಾಡುವುದಿಲ್ಲ, ಅಲುಗಾಡುವುದು ನಮ್ಮ ಕೈ ಮಾತ್ರ. ಮೂರರಲ್ಲೂ ಕೈನಡುಕ ತಡೆಯುವ ವ್ಯವಸ್ಥೆ ಇರುವುದರಿಂದ ಕಂಬಕ್ಕೆ ಭುಜ ಒರಗಿಸದೆಯೇ, ಉಸಿರು ಬಿಗಿಹಿಡಿದು 1/8 ಸೆಕೆಂಡಿನವರೆಗೆ ಇಳಿಯಬಹುದು. ಜಿಆರ್ ಚಿತ್ರದಲ್ಲಿ ಕಂಬದ ಬಳೆಗಳ ನಡುವಿನ ನೆರಳು ಕಪ್ಪಾಗಿಯೇ ಇದ್ದು, ಅದರೊಳಗೂ ಕಲ್ಲಿನ ಮೈ ತಿಳಿಯುತ್ತದೆ. ಕ್ಯಾನನ್ ಚಿತ್ರ ಅದರ ಪಕ್ಕದಲ್ಲಿಟ್ಟರೆ ಮೂಲೆಗಳಲ್ಲಿ ಮೃದು, ನಡುವೆ ಬಹುತೇಕ ಸಮ. ಸೋನಿ ಚಿತ್ರದಲ್ಲಿ ನೆರಳನ್ನು ಕಂಪ್ಯೂಟರಿನಲ್ಲಿ ಎತ್ತಿದಾಗ ಕಾಳು ಕಾಳಾಗಿ ನಾಯ್ಸ್ ಎದ್ದು ಬರುತ್ತದೆ.

ಹೊರಗೆ ಬಂದು ಗೋಡೆಯ ಆನೆಯ ಸಾಲು, ಬಳ್ಳಿಯ ಸಾಲು, ಕುದುರೆ ಸವಾರರ ಸಾಲಿನ ಎದುರು ನಿಂತರೆ ಜಿಆರ್‌ಗೆ ಸಾಟಿ ಇಲ್ಲ. ತೀರಾ ಹತ್ತಿರದ್ದಕ್ಕೆಂದೇ ಇರುವ ಮ್ಯಾಕ್ರೋ ಗುಂಡಿ ಒತ್ತಿದರೆ ಲೆನ್ಸಿನಿಂದ 6 ಸೆಂ.ಮೀ. ದೂರದವರೆಗೆ ಫೋಕಸ್ ಆಗುತ್ತದೆ. ಬಳಪದ ಕಲ್ಲಿನಲ್ಲಿ ಕೊರೆದ ಆನೆಯ ಕುತ್ತಿಗೆಯ ಗಂಟೆ, ಅದರ ಹಗ್ಗದ ಹುರಿ ಎಳೆ ಎಳೆಯಾಗಿ ಸಿಗುತ್ತದೆ. ಇಷ್ಟು ಚೂಪಾದ ಲೆನ್ಸನ್ನು ಇಷ್ಟು ಸಣ್ಣ ಡಬ್ಬಿಯಲ್ಲಿ ನಾನು ಬೇರೆಲ್ಲೂ ಕಂಡಿಲ್ಲ.

ಅದೇ ಜಿಆರ್ ಹಿಡಿದು ಬೇಲೂರಿಗೆ ಹೋದರೆ ಕೈ ಕಟ್ಟಿದಂತಾಗುತ್ತದೆ. ಮದನಿಕೆಯರು ಇರುವುದು ಸೂರಿನ ಕೆಳಗೆ, ತಲೆಯ ಮೇಲೆ ಎತ್ತರದಲ್ಲಿ. ಜಗತಿಯ, ಅಂದರೆ ದೇವಾಲಯದ ಸುತ್ತಲ ಎತ್ತರದ ಕಟ್ಟೆಯ ಅಂಚಿನಲ್ಲಿ ನಿಂತು ಎಷ್ಟು ಕತ್ತು ಎತ್ತಿದರೂ ಜಿಆರ್‌ನ ಝೂಮ್ ಇಲ್ಲದ 28 ಎಂಎಂ ಲೆನ್ಸಿಗೆ ದರ್ಪಣ ಸುಂದರಿ ಒಂದು ಸಣ್ಣ ಆಕೃತಿ, ಅದೂ ಕೆಳಗಿನಿಂದ ನೋಡಿ ಸೊಟ್ಟಗಾದ ಆಕೃತಿ. ಜಿಆರ್‌ನಲ್ಲಿ 35 ಮತ್ತು 50 ಎಂಎಂ ಕ್ರಾಪ್ (ಅಂಚು ಕತ್ತರಿಸಿ ಚಿತ್ರದ ನಡುಭಾಗ ಮಾತ್ರ ಉಳಿಸುವುದು) ಇದೆ, ಆದರೆ 50ಕ್ಕೆ ಹೋದರೆ 24 ಮೆಗಾಪಿಕ್ಸೆಲ್ ಇದ್ದದ್ದು 7ಕ್ಕೆ ಇಳಿಯುತ್ತದೆ. ಕ್ಯಾನನ್ 100 ಎಂಎಂವರೆಗೆ ಹೋಗುತ್ತದೆ, ಅಲ್ಲೂ ಎಫ್/2.8 ಉಳಿಸಿಕೊಳ್ಳುತ್ತದೆ, ಮದನಿಕೆ ಪೂರ್ತಿ ಚೌಕಟ್ಟಿಗೆ ಬರುತ್ತಾಳೆ. ಸೋನಿ 200 ಎಂಎಂವರೆಗೆ ಹೋಗುವುದರಿಂದ ಅವಳ ಮುಖ, ಕೈಯ ಕನ್ನಡಿ, ಮೇಲಿನ ಬಳ್ಳಿಯ ಕೆತ್ತನೆಯ ಜಾಲರಿ ಮಾತ್ರವೇ ಬೇಕೆಂದರೂ ಸಿಗುತ್ತದೆ. ಅಲ್ಲಿ ಅಪರ್ಚರ್ ಎಫ್/4.5, ಆದರೆ ಹಗಲಿನ ಬೆಳಕಿರುವಾಗ ಚಿಂತೆ ಇಲ್ಲ. ಜೊತೆಗೆ ಸೋನಿಯಲ್ಲಿ ಮೇಲಕ್ಕೆ ಪುಟಿಯುವ, ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇದೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಉಳಿದೆರಡರ ಪರದೆಯಲ್ಲಿ ನಮ್ಮ ಮುಖವೇ ಕಾಣುತ್ತಿರುವಾಗ ಇದು ದೇವರು ಕೊಟ್ಟ ವರ. ದೇವಾಲಯ, ಹಕ್ಕಿ, ಬೆಟ್ಟ ಎಂದು ಊರೂರು ಸುತ್ತುವವರು, ಒಂದೇ ಕ್ಯಾಮೆರಾ ಒಯ್ಯುವವರು ಬೇರೆ ಯೋಚನೆ ಮಾಡದೆ ಸೋನಿಯನ್ನು ನೋಡಬಹುದು. ಹಕ್ಕಿ ಎಂದಾಗ ದೊಡ್ಡ ಆಸೆ ಬೇಡ. ರಂಗನತಿಟ್ಟಿನಲ್ಲಿ ದೋಣಿಯ ಹತ್ತಿರವೇ ಇರುವ ಕೊಕ್ಕರೆಗೆ 200 ಎಂಎಂ ಸಾಕು, ಮರದ ತುದಿಯ ಗೂಡಿಗೆ ಸಾಲದು.

ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಬೆಳಗಿನ ಜಾವ ಹೂವಿನ ರಾಶಿಗಳ ನಡುವೆ ಮತ್ತೆ ಜಿಆರ್‌ನದೇ ರಾಜ್ಯ. ಇಲ್ಲಿ ಅದರ 'ಸ್ನ್ಯಾಪ್ ಫೋಕಸ್' ಬಗ್ಗೆ ಹೇಳಲೇಬೇಕು. ದೂರವನ್ನು ಮೊದಲೇ 2 ಮೀಟರ್ ಎಂದು ನಿಗದಿ ಮಾಡಿಟ್ಟು, ಅಪರ್ಚರನ್ನು ಎಫ್/8ಕ್ಕೆ ಇಟ್ಟರೆ ಸುಮಾರು ಒಂದು ಮೀಟರಿನಿಂದ ಆಚೆ ಇರುವುದೆಲ್ಲ ಸ್ಪಷ್ಟವಾಗಿರುತ್ತದೆ. ಶಟರ್ ಗುಂಡಿಯನ್ನು ಅರ್ಧ ಒತ್ತಿ ಕಾಯುವ ಗೊಡವೆ ಇಲ್ಲ, ಒಮ್ಮೆಲೇ ಪೂರ್ತಿ ಒತ್ತಿದರೆ ಆಯಿತು. ಸೇವಂತಿಗೆ ಮೂಟೆ ಹೊತ್ತವರು ಜಾಗ ಬಿಡಿ ಎಂದು ಕೂಗುತ್ತ ಬರುವಾಗ, ತಕ್ಕಡಿಗೆ ಕನಕಾಂಬರ ಸುರಿಯುವ ಕೈ ಅರೆಕ್ಷಣ ಮೇಲೆದ್ದಾಗ, ಫೋಕಸ್ ಹುಡುಕುವ ಯಂತ್ರಕ್ಕೆ ಆ ಕ್ಷಣ ಸಿಗುವುದಿಲ್ಲ. ಜಿಆರ್‌ಗೆ ಸಿಗುತ್ತದೆ. ಸ್ವಿಚ್ ಒತ್ತಿದ ಒಂದು ಸೆಕೆಂಡಿನೊಳಗೆ ಅದು ಸಿದ್ಧ. ಒಂದೇ ಕೈಯಲ್ಲಿ ಎಲ್ಲ ಸೆಟ್ಟಿಂಗ್ ಬದಲಿಸಬಹುದು, ಇನ್ನೊಂದು ಕೈ ಚೀಲಕ್ಕೆ ಬಿಡುವು. ಶಟರ್ ಸದ್ದು ಇಲ್ಲವೆನ್ನುವಷ್ಟು ಕಡಿಮೆ. ಹೂ ಕಟ್ಟುವ ಅಮ್ಮನವರನ್ನು ಕೇಳಿಯೇ ತೆಗೆಯಬೇಕು, ಆದರೆ ಒಪ್ಪಿದ ಮೇಲೆ ಅವರು ಕ್ಯಾಮೆರಾ ಮರೆತು ತಮ್ಮ ಕೆಲಸ ಮುಂದುವರಿಸುವುದು ಈ ಪುಟ್ಟ ಕಪ್ಪು ಡಬ್ಬಿಯ ಎದುರಿಗೆ ಮಾತ್ರ.

ಮೂರನ್ನೂ ನಿಜವಾಗಿ ಸೋಸಿ ತೆಗೆಯುವುದು ಯಕ್ಷಗಾನ ಬಯಲಾಟ. ರಾತ್ರಿ, ಎಲ್‌ಇಡಿ ಬೆಳಕು, ಪುಂಡು ವೇಷದವರು, ಅಂದರೆ ತರುಣ ವೀರರ ಪಾತ್ರದವರು, ಧೀಂಗಿಣ (ಗಿರಕಿ ಹೊಡೆಯುವ ಜಿಗಿತ) ಹಾಕುತ್ತ ರಂಗದ ಒಂದು ತುದಿಯಿಂದ ಇನ್ನೊಂದಕ್ಕೆ. ಸೋನಿಯ ಫೋಕಸ್ ಇಲ್ಲಿ ಬೇರೆಯೇ ಮಟ್ಟದ್ದು. ಹಿಂದೆ ಮುಂದೆ ಹುಡುಕದೆ ನೇರವಾಗಿ ಫೋಕಸ್ ಹಿಡಿಯುವ 357 ಫೇಸ್ ಡಿಟೆಕ್ಷನ್ (phase detection) ಬಿಂದುಗಳು, ಸೆಕೆಂಡಿಗೆ 20 ಚಿತ್ರ. ಒಮ್ಮೆ ವೇಷದ ಮೇಲೆ ಬೆರಳಿಟ್ಟು ತೋರಿಸಿದರೆ ಅದು ತಿರುಗಲಿ, ಹಾರಲಿ, ಚೌಕ ಅಂಟಿಕೊಂಡೇ ಹೋಗುತ್ತದೆ. ಪುಂಡು ವೇಷ, ಸ್ತ್ರೀವೇಷಗಳಲ್ಲಿ ಕಣ್ಣನ್ನೇ ಗುರುತಿಸುತ್ತದೆ. ಮುಖದ ತುಂಬ ಬಿಳಿ ಚುಟ್ಟಿಯ ಉಬ್ಬು ಚುಕ್ಕೆ ಇಟ್ಟ ಬಣ್ಣದ ವೇಷ (ರಾಕ್ಷಸ ಪಾತ್ರ) ಬಂದಾಗ ಮಾತ್ರ ಅದಕ್ಕೆ ಅದು ಮುಖವೆಂದು ತಿಳಿಯುವುದಿಲ್ಲ, ಆಗ ಕಿರೀಟವನ್ನು ಮುಟ್ಟಿ ತೋರಿಸಬೇಕು. ಕ್ಯಾನನ್‌ನದು ಕಾಂಟ್ರಾಸ್ಟ್ ನೋಡಿ ಫೋಕಸ್ ಮಾಡುವ ಪದ್ಧತಿ. ಸ್ಪಷ್ಟತೆ ಎಲ್ಲಿದೆ ಎಂದು ಲೆನ್ಸನ್ನು ಹಿಂದೆ ಮುಂದೆ ಸರಿಸಿ ಹುಡುಕುವುದು ಆ ಪದ್ಧತಿಯ ಸ್ವಭಾವ, ನಿಂತ ವೇಷಕ್ಕೆ ಸರಿ, ಕುಣಿಯುವ ವೇಷಕ್ಕೆ ತಡ. ಜಿಆರ್‌ಗೆ ರಂಗದ ಅಂಚಿನಲ್ಲೇ ಜಾಗ ಸಿಕ್ಕರೆ ಮಾತ್ರ ಕೆಲಸ. ಆದರೆ ಬೆಳಕಿನ ಲೆಕ್ಕ ಸೋನಿಯನ್ನು ಇಲ್ಲಿಯೂ ಬಿಡುವುದಿಲ್ಲ. 200 ಎಂಎಂ, ಎಫ್/4.5 ಎಂದಾಗ ಐಎಸ್‌ಒ, ಅಂದರೆ ಮಬ್ಬು ಬೆಳಕಿನಲ್ಲಿ ಏರಿಸಬೇಕಾದ ಸೂಕ್ಷ್ಮತೆ, 3200 ದಾಟಿ ನಾಯ್ಸ್ ಹೆಚ್ಚುತ್ತದೆ, ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸುವ ಆಸೆ ಬಿಡಬೇಕು.

ರಾತ್ರಿ ಆಟದ ಫೋಟೊ ತೆಗೆಯುವವರಿಗೆ ಒಂದು ಮಾತು: ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಮೆಕ್ಯಾನಿಕಲ್ ಶಟರ್ ಇಟ್ಟುಕೊಂಡು 1/50 ಅಥವಾ 1/100ರಲ್ಲಿ ತೆಗೆದರೆ ಚಿತ್ರದಲ್ಲಿ ಪಟ್ಟೆ ಬೀಳುವುದಿಲ್ಲ. ಧೀಂಗಿಣದಲ್ಲಿ ಕೈಕಾಲು ಮಸುಕಾಗುತ್ತದೆ, ಆಗಲಿ. ಮುಖ ನಿಂತು ಉಡುಗೆಯ ನೆರಿಗೆ ಸುಳಿಯಾದ ಚಿತ್ರವೇ ನನಗೆ ಹೆಚ್ಚು ಇಷ್ಟ.

ಹೊಸಬರ ಕೈಯಲ್ಲಿ ಇವು ಹೇಗೆ ಎಂದು ತಿಳಿಯಲು ಮೂರನ್ನೂ ತಂಗಿಗೆ ಕೊಟ್ಟೆ. ಅವಳು ಅಲ್ಲಿಯವರೆಗೆ ಫೋನ್ ಬಿಟ್ಟು ಬೇರೆ ಕ್ಯಾಮೆರಾ ಮುಟ್ಟಿದವಳಲ್ಲ. ಜಿಆರ್ ಹಿಡಿದು ಅವಳು ಕೇಳಿದ ಮೊದಲ ಮಾತು, "ಅಣ್ಣಾ, ಇದರಲ್ಲಿ ಝೂಮ್ ಎಲ್ಲಿದೆ?" ಇಲ್ಲ ಎಂದಾಗ ಮುಖ ಸಣ್ಣದಾಯಿತು. ಫ್ಲಾಷೂ ಇಲ್ಲ ಎಂದು ಗೊತ್ತಾದ ಮೇಲೆ ಮೇಜಿನ ಮೇಲಿಟ್ಟಳು. ಸೋನಿಯನ್ನು ಆಟೋ ಮೋಡ್‌ನಲ್ಲಿ ಇಟ್ಟು ಕೊಟ್ಟರೆ ಮಕ್ಕಳ ಫೋಟೊ ಸಲೀಸಾಗಿ ತೆಗೆದಳು. ಏನಾದರೂ ಬದಲಿಸಬೇಕೆಂದಾಗ ಪುಟದ ಮೇಲೆ ಪುಟ ಮೆನು. ಪರದೆ ಟಚ್ ಆದರೂ ಮೆನು ಮಾತ್ರ ಬೆರಳಿಗೆ ಬಗ್ಗುವುದಿಲ್ಲ, ಗುಂಡಿಯಲ್ಲೇ ತಿರುಗಿಸಬೇಕು. ಕ್ಯಾನನ್ ಕೈಗೆ ಬಂದಾಗ ಯಾರೂ ಹೇಳಿಕೊಡಬೇಕಾಗಲಿಲ್ಲ. ಇಡೀ ಮೆನು ಫೋನಿನಂತೆ ಬೆರಳಿಗೆ ತಿರುಗುತ್ತದೆ, ಪರದೆ ಮೇಲಕ್ಕೆ ಮಡಚಿ ಮುಂದಕ್ಕೆ ನೋಡುತ್ತದೆ, ಫ್ಲಾಷ್ ಇದೆ. ಮೇಲ್ಗಡೆಯ ಡಯಲ್ ಒಂದನ್ನು ತಿರುಗಿಸಿದರೆ ಚಿತ್ರ ಬೆಳ್ಳಗಾಗುವುದು, ಕಪ್ಪಾಗುವುದು ಕಣ್ಣೆದುರೇ ಕಾಣುತ್ತದೆ. ಎಕ್ಸ್‌ಪೋಷರ್ ಕಲಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಸೀಮಂತದ ದಿನ ಮನೆಯೊಳಗೆ ಅವಳು ಎಫ್/1.8ರಲ್ಲಿ ತೆಗೆದ ಫೋಟೊಗಳು ಮದುವೆ ಆಲ್ಬಮ್ಮಿಗಿಂತ ಚೆನ್ನಾಗಿವೆ ಎಂದು ಅಮ್ಮ ಈಗಲೂ ಹೇಳುತ್ತಾರೆ.

ಆದ್ದರಿಂದ ಮನೆ, ಮಕ್ಕಳು, ಪ್ರವಾಸ, ವಿಡಿಯೊ ಎಲ್ಲ ಬೇಕೆನ್ನುವ ಹೊಸಬರಿಗೆ ಕ್ಯಾನನ್. ಹೊಸಬರಲ್ಲೇ ಇನ್ನೊಂದು ಜಾತಿ ಇದೆ, ಫೋಟೊಗ್ರಫಿಯನ್ನೇ ಕಲಿಯಬೇಕೆಂದು ಹೊರಟವರು. ಅವರಿಗೆ ನಾನು ಜಿಆರ್ ಎನ್ನುತ್ತೇನೆ. ಝೂಮ್ ಇಲ್ಲದಾಗ ಕಾಲು ನಡೆಯಬೇಕು, ನಡೆದರೆ ಹಿನ್ನೆಲೆ ಹೇಗೆ ಬದಲಾಗುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. 28 ತೀರಾ ಅಗಲ ಎನಿಸಿದರೆ 40 ಎಂಎಂನ ಜಿಆರ್ 3ಎಕ್ಸ್ ಇದೆ. ಪಳಗಿದವರಲ್ಲಿ ದೊಡ್ಡ ಕ್ಯಾಮೆರಾ ಮನೆಯಲ್ಲಿರುವವರಿಗೆ ಜಿಆರ್, ದೊಡ್ಡದನ್ನು ಮಾರಿ ಹಗುರಾಗಬೇಕೆಂದಿರುವವರಿಗೆ ಸೋನಿ. ಫ್ಯೂಜಿಫಿಲ್ಮ್ ಎಕ್ಸ್‌100 6 ಕೂಡ ಕೆಲಕಾಲ ಹಿಡಿದು ನೋಡಿದ್ದೇನೆ, ಬಣ್ಣಗಳು ಮನಸೂರೆಗೊಳ್ಳುತ್ತವೆ. ಆದರೆ 521 ಗ್ರಾಂ ಎಂದರೆ ಅದು ಕುತ್ತಿಗೆಯ ಕ್ಯಾಮೆರಾ, ಜೇಬಿನದಲ್ಲ.

ವಿಡಿಯೊ ಮುಖ್ಯವಾದವರು ಜಿಆರ್ ಬಿಟ್ಟುಬಿಡಿ, ಅದರಲ್ಲಿ 4ಕೆ ಇಲ್ಲ. ಉಳಿದೆರಡರಲ್ಲೂ 4ಕೆ ಇದೆ, ಹೊರಗಿನ ಮೈಕ್ ಸಿಕ್ಕಿಸಲೂ ಜಾಗವಿದೆ. ಬ್ಯಾಟರಿ ಮೂರರದೂ ಬಡವೇ: ಕಂಪನಿಗಳೇ ಕೊಡುವ ಲೆಕ್ಕದಲ್ಲಿ ಜಿಆರ್ 200, ಕ್ಯಾನನ್ 235, ಸೋನಿ 260 ಚಿತ್ರ. ಇನ್ನೊಂದು ಬ್ಯಾಟರಿ ಕೊಂಡೇ ಹೊರಡಿ. ಕ್ಯಾನನ್‌ಗೆ ಯುಎಸ್‌ಬಿ-ಸಿ ಇದ್ದರೂ ಪಿಡಿ (ಪವರ್ ಡೆಲಿವರಿ) ಚಾರ್ಜರೇ ಬೇಕು. ಸೋನಿಯದು ಇನ್ನೂ ಹಳೆಯ ಮೈಕ್ರೋ ಯುಎಸ್‌ಬಿ. ಮಳೆಗಾಲದಲ್ಲಿ ಮಲೆನಾಡಿಗೆ ಹೋಗುವವರು ನೆನಪಿಡಿ, ಮೂರಕ್ಕೂ ನೀರು ತಡೆಯುವ ಶಕ್ತಿ ಇಲ್ಲ.

2025ರಲ್ಲಿ ಜಿಆರ್ 4 ಬಂದ ಮೇಲೆ ಜಿಆರ್ 3 ಸೆಕೆಂಡ್‌ಹ್ಯಾಂಡ್‌ನಲ್ಲಿ ಹೆಚ್ಚು ಕಾಣತೊಡಗಿದೆ. ಹೊಸದರಲ್ಲಿ ಐದು ದಿಕ್ಕಿನ ಕೈನಡುಕ ತಡೆ, 53 ಜಿಬಿ ಒಳಮೆಮೊರಿ ಇವೆ. ಹಳೆಯದರಲ್ಲಿದ್ದದ್ದು ಬರೀ 2 ಜಿಬಿ. ಮೂರರಲ್ಲಿ ಯಾವುದನ್ನೇ ಹಳೆಯದು ಕೊಳ್ಳುವುದಾದರೂ ಪರೀಕ್ಷೆ ಒಂದೇ. ಅಪರ್ಚರನ್ನು ಅದು ಹೋಗುವಷ್ಟು ಕಿರಿದಾಗಿಸಿ, ಗೋಡೆ ಮಸುಕಾಗುವಂತೆ ಫೋಕಸನ್ನು ಕೈಯಲ್ಲೇ ತಪ್ಪಿಸಿ, ಬಿಳಿ ಗೋಡೆಯ ಫೋಟೊ ತೆಗೆಯಿರಿ. ಆ ಚಿತ್ರವನ್ನು ದೊಡ್ಡದು ಮಾಡಿ ಮೂಲೆಯಿಂದ ಮೂಲೆಗೆ ನೋಡಿದರೆ ಸೆನ್ಸರಿನ ಮೇಲಿನ ದೂಳು ಬೂದು ಚುಕ್ಕೆಯಾಗಿ ಕಾಣುತ್ತದೆ. ಇವುಗಳ ಲೆನ್ಸ್ ಬಿಚ್ಚಲು ಬಾರದು, ಒಳಗಿನ ದೂಳು ತೆಗೆಸಲು ಸರ್ವಿಸ್ ಸೆಂಟರಿಗೇ ಹೋಗಬೇಕು. ಆಮೇಲೆ ಹಲವು ಬಾರಿ ಆನ್ ಆಫ್ ಮಾಡಿ, ಲೆನ್ಸ್ ಹೊರಬರುವಾಗ ಕರಕರ ಸದ್ದಿದೆಯೇ ಕೇಳಿ. ಚುಕ್ಕೆಯಾಗಲಿ ಸದ್ದಾಗಲಿ ಇದ್ದರೆ, ಎಷ್ಟೇ ಕಡಿಮೆ ಬೆಲೆಗೆ ಕೊಡುತ್ತೇನೆಂದರೂ ಬೇಡ ಎನ್ನಿ.