ಗಡಿಯಾರ, ತಕ್ಕಡಿ, ತಟ್ಟೆ: ಮೂರನ್ನೂ ಆರಾರು ವಾರ ಮಾಡಿ ನೋಡಿದೆ

ಶುರು ಮಾಡಿದ ದಿನ ನನ್ನ ತೂಕ 71.6 ಕೆಜಿ, ಎತ್ತರ 158 ಸೆಂ.ಮೀ., ಸೊಂಟ 92 ಸೆಂ.ಮೀ. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು ಅಂತ ಡಾಕ್ಟರ್‌ಗಳು ಹೇಳುತ್ತಾರೆ. ನನ್ನ ಲೆಕ್ಕಕ್ಕೆ ಅದು 79. ಹದಿಮೂರು ಸೆಂಟಿಮೀಟರ್ ಸಾಲ, ತಲೆ ಮೇಲಲ್ಲ, ಹೊಟ್ಟೆ ಮೇಲೆ.

ಮನೆಯಲ್ಲಿ ಐದು ಜನ. ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ, ಅತ್ತೆ, ನಮ್ಮನೆಯವರು, ನಾನು. ನನ್ನೊಬ್ಬಳಿಗೆ ಅಂತ ಬೇರೆ ಅಡುಗೆ ಮಾಡಿಕೊಳ್ಳೋಕೆ ಪುರಸೊತ್ತಿಲ್ಲ, ಮನಸ್ಸೂ ಇಲ್ಲ. ಹಾಗಾಗಿ ಎಲ್ಲರಿಗೂ ಮಾಡಿದ ಅಡುಗೆಯನ್ನೇ ತಿಂದುಕೊಂಡು ತೂಕ ಇಳಿಸಬಹುದಾದ ಮೂರು ದಾರಿ ಆರಿಸಿಕೊಂಡೆ. ಮೊದಲನೆಯದು ಗಡಿಯಾರ: ದಿನದ ಎಂಟು ಗಂಟೆಯೊಳಗೆ ಮಾತ್ರ ತಿನ್ನೋದು, ಉಳಿದ ಹದಿನಾರು ಗಂಟೆ ನೀರು. ಎರಡನೆಯದು ತಕ್ಕಡಿ: ತಿಂದದ್ದನ್ನೆಲ್ಲ ತೂಗಿ ಕ್ಯಾಲೊರಿ ಬರೆದಿಡೋದು. ಮೂರನೆಯದು ತಟ್ಟೆ: ಅರ್ಧ ತಟ್ಟೆ ತರಕಾರಿ, ಕಾಲು ಭಾಗ ಧಾನ್ಯ, ಇನ್ನು ಕಾಲು ಭಾಗ ಕಾಳು, ಮೊಟ್ಟೆ, ಮೀನಿನಂಥ ಪ್ರೋಟೀನ್. ಒಂದೊಂದಕ್ಕೂ ಆರು ವಾರ. ದಿನಾ ಬೆಳಿಗ್ಗೆ ಎದ್ದ ತಕ್ಷಣ ತೂಕ ನೋಡಿ, ವಾರದ ಸರಾಸರಿ ಮಾತ್ರ ಲೆಕ್ಕಕ್ಕೆ ತಗೊಂಡೆ. ಒಂದೇ ದಿನದ ತೂಕ ನಂಬೋಕಾಗಲ್ಲ. ಹಿಂದಿನ ರಾತ್ರಿ ಉಪ್ಪು ಜಾಸ್ತಿ ಆಗಿದ್ದರೂ ಮುಳ್ಳು ಮೇಲೇರುತ್ತೆ.

ಗಡಿಯಾರದ ಆರು ವಾರದಲ್ಲಿ 2.5 ಕೆಜಿ ಇಳಿಯಿತು. ತಕ್ಕಡಿಯಲ್ಲಿ 1.9. ತಟ್ಟೆಯಲ್ಲಿ 1.1. ಇಷ್ಟೇ ನೋಡಿದರೆ ಗಡಿಯಾರವೇ ಗೆದ್ದಿತು ಅನ್ನಬೇಕು. ನಾನೂ ಮೊದಲು ಹಾಗೇ ಅಂದುಕೊಂಡು ತಂಗಿಗೆ ಫೋನ್ ಮಾಡಿ ಜಂಬ ಕೊಚ್ಚಿಕೊಂಡಿದ್ದೆ. ಆಮೇಲೆ ಟೇಪ್ ಹಿಡಿದು ನೋಡಿದರೆ ಸೊಂಟ ಬೇರೆಯದೇ ಕತೆ ಹೇಳಿತು. ಗಡಿಯಾರದಲ್ಲಿ ಇಳಿದದ್ದು 1 ಸೆಂ.ಮೀ. ಮಾತ್ರ. ತಕ್ಕಡಿಯಲ್ಲಿ 2.5, ತಟ್ಟೆಯಲ್ಲಿ 2.

ಇದರಲ್ಲಿ ಗುಟ್ಟೇನೂ ಇಲ್ಲ. ನಾವು ತಿಂದ ಪಿಷ್ಟದಲ್ಲಿ ಒಂದು ಪಾಲನ್ನು ದೇಹ ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಒಂದೊಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರೂ ಇರುತ್ತದೆ. ಊಟ ಕಡಿಮೆ ಮಾಡಿದ ಮೊದಲ ದಿನಗಳಲ್ಲಿ ಈ ದಾಸ್ತಾನು ಕರಗುತ್ತದೆ, ನೀರೂ ಹೋಗುತ್ತದೆ. ನನ್ನ 2.5 ಕೆಜಿಯಲ್ಲಿ 1.6 ಕೆಜಿ ಮೊದಲ ಹತ್ತೇ ದಿನದಲ್ಲಿ ಹೋಗಿತ್ತು. ಅದರಲ್ಲಿ ಕೊಬ್ಬಿಗಿಂತ ನೀರೇ ಜಾಸ್ತಿ ಇದ್ದಿರಬೇಕು. ಮೊದಲು ಯಾವ ದಾರಿ ಹಿಡಿದಿದ್ದರೂ ಆ ಲಾಭ ಅದಕ್ಕೇ ಸಿಗುತ್ತಿತ್ತು. ಯಾರಾದರೂ 'ಹತ್ತು ದಿನದಲ್ಲಿ ಎರಡು ಕೆಜಿ' ಅಂದರೆ ನಾನೀಗ ಸುಮ್ನೆ ನಗುತ್ತೇನೆ.

ಇನ್ನು ಗಡಿಯಾರದ ಜೊತೆ ಸಂಸಾರ ಹೇಗಿತ್ತು ಅಂತ ಹೇಳಬೇಕು. ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರವರೆಗೆ ಊಟದ ಹೊತ್ತು ಅಂತ ಇಟ್ಟುಕೊಂಡೆ. ಬೆಳಿಗ್ಗೆ ಏಳಕ್ಕೆ ಎರಡು ಡಬ್ಬಿ ತುಂಬಿಸುವಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಮೊದಲ ನಾಲ್ಕು ದಿನ ತಲೆನೋವು. ಐದನೇ ದಿನ ಮಗನ ಒಂದು ಕಾಲುಚೀಲ ಸಿಗಲಿಲ್ಲ ಅಂತ ಮನೆ ಹಾರಿಹೋಗುವ ಹಾಗೆ ಕೂಗಾಡಿದೆ. ಕಾಲುಚೀಲ ಅವನ ಕಾಲಲ್ಲೇ ಇತ್ತು, ಒಂದರ ಮೇಲೊಂದು ಹಾಕಿಕೊಂಡಿದ್ದ. ಎರಡನೇ ವಾರಕ್ಕೆ ಬೆಳಗಿನ ಹಸಿವು ಪಳಗಿತು, ಅದು ನಿಜ. ಪಳಗದೆ ಉಳಿದದ್ದು ರಾತ್ರಿ. ನಮ್ಮನೆಯವರು ಬರೋದು ಎಂಟೂವರೆಗೆ. ಎಲ್ಲರೂ ಒಟ್ಟಿಗೆ ಕೂತು ಉಣ್ಣೋದು ದಿನಕ್ಕೆ ಅದೊಂದೇ ಹೊತ್ತು. ನಾನು ಏಳೂವರೆಗೇ ಒಬ್ಬಳೇ ತಿಂದು, ಆಮೇಲೆ ಎಲ್ಲರಿಗೂ ಬಡಿಸಿ ನೀರಿನ ಲೋಟ ಹಿಡಿದು ಕೂರುತ್ತಿದ್ದೆ. ಅತ್ತೆ ನಾಲ್ಕು ದಿನ ನೋಡಿದರು. ಐದನೇ ದಿನ "ಜಗಳ ಏನಾದ್ರೂ ಆಗಿದ್ಯೇನಮ್ಮಾ?" ಅಂತ ಮಗನನ್ನು ಬಿಟ್ಟು ನನ್ನನ್ನೇ ಕೇಳಿದರು.

ಗಡಿಯಾರ ತಿನ್ನೋದನ್ನು ಕಡಿಮೆ ಮಾಡಿಸಿದರೆ ಮಾತ್ರ ಕೆಲಸ ಮಾಡುತ್ತದೆ, ಗಂಟೆಗಳಲ್ಲೇ ಮಂತ್ರ ಏನಿಲ್ಲ. ಚೀನಾದ ಗುವಾಂಗ್‌ಝೌನಲ್ಲಿ 139 ಜನರ ಮೇಲೆ ಒಂದು ವರ್ಷ ನಡೆಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಎರಡೂ ಗುಂಪಿಗೆ ಒಂದೇ ಕ್ಯಾಲೊರಿ ಮಿತಿ. ಒಂದು ಗುಂಪು ಮಾತ್ರ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ತಿನ್ನಬೇಕಿತ್ತು. ಗಂಟೆ ಕಟ್ಟಿಕೊಂಡವರು ಸರಾಸರಿ 8 ಕೆಜಿ ಇಳಿದರು, ಉಳಿದವರು 6.3. ಆ ಅಂತರ ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ, ಅಂದರೆ ಅದು ಬರೀ ಆಕಸ್ಮಿಕವೂ ಆಗಿರಬಹುದು. ಇನ್ನೊಂದು ಮಾತು: ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳುವವರು, ಬಸುರಿಯರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು. ಸಕ್ಕರೆ ತೀರಾ ಕೆಳಗಿಳಿದರೆ ಆಪತ್ತು.

ಒಂದು ಒಳ್ಳೆಯ ಗುಣ ಮಾತ್ರ ಒಪ್ಪಲೇಬೇಕು. ರಾತ್ರಿ ಎಂಟಾದ ಮೇಲೆ ಅಡುಗೆಮನೆ ನನ್ನ ಪಾಲಿಗೆ ಬಂದ್. ಟಿವಿ ಮುಂದಿನ ಬಾಯಿಚಪಲ, ಮಕ್ಕಳು ಮಲಗಿದ ಮೇಲೆ ಡಬ್ಬಿ ತಡಕಾಡೋದು, ಎಲ್ಲ ಒಂದೇ ಏಟಿಗೆ ನಿಂತಿತು.

ತಕ್ಕಡಿ ಇದಕ್ಕೆ ಪೂರ್ತಿ ತದ್ವಿರುದ್ಧ. ಯಾವ ಹೊತ್ತಿಗಾದರೂ ತಿನ್ನು, ಲೆಕ್ಕ ಕೊಡು. ದಿನಕ್ಕೆ 1500 ಕ್ಯಾಲೊರಿ ಅಂತ ಇಟ್ಟುಕೊಂಡೆ. ಇದರಷ್ಟು ಕಿರಿಕಿರಿ ಬೇರೆ ಯಾವುದೂ ಕೊಡಲಿಲ್ಲ. ಇದರಷ್ಟು ಕಲಿಸಿದ್ದೂ ಬೇರೆ ಇಲ್ಲ.

ಎಣ್ಣೆಯದ್ದೇ ನೋಡಿ. ತರಕಾರಿ ಹುರಿಯೋಕೆ ನಾನು ಹಾಕೋದು ಎರಡು ಸಣ್ಣ ಚಮಚ ಅಂತ ಯಾರ ಮುಂದೆ ಬೇಕಾದರೂ ಆಣೆ ಮಾಡುತ್ತಿದ್ದೆ. ಒಂದು ದಿನ ಬಾಟಲಿಯನ್ನೇ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿದೆ. ಎಂದಿನಂತೆ ಬಾಣಲೆಗೆ ಸುರಿದು ಬಾಟಲಿ ವಾಪಸ್ ಇಟ್ಟರೆ ಮೈನಸ್ 41 ಗ್ರಾಂ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ಪಿಷ್ಟ, ಪ್ರೋಟೀನ್ ಎರಡಕ್ಕೂ 4 ಮಾತ್ರ. ಅಂದರೆ ಆ ಬಾಣಲೆಗೆ 369 ಕ್ಯಾಲೊರಿ ಎಣ್ಣೆಯೊಂದರಿಂದಲೇ. ಐದು ಜನರಿಗೆ ಹಂಚಿದರೆ ನನ್ನ ಪಾಲು 74. ದಿನಕ್ಕೆ ಮೂರು ಸಲ ಬಾಣಲೆ ಒಲೆ ಏರಿದರೆ 220. ನಾನು ಲೆಕ್ಕ ಹಾಕಿಕೊಂಡಿದ್ದು ಇದರ ಕಾಲು ಭಾಗ.

ಇನ್ನೊಂದು ಸೋರಿಕೆ ಮಕ್ಕಳ ತಟ್ಟೆ. ಒಂದು ಸಂಜೆ ಹಟ ಹಿಡಿದು ಎಲ್ಲ ಬರೆದೆ. ಮಗ ಬಿಟ್ಟ ಅರ್ಧ ಬ್ರೆಡ್, ಮಗಳು ಬಿಟ್ಟ ಮೂರು ಚಮಚ ಅನ್ನ, ಲೋಟದ ತಳದ ಹಾಲು, ರುಚಿ ನೋಡಿದ ಎರಡು ಸೌಟು. 190 ಕ್ಯಾಲೊರಿ. ಇದು ಊಟವಲ್ಲ, ತಟ್ಟೆ ತೊಳೆಯೋಕೆ ಹಾಕುವ ಮುಂಚೆ ನಿಂತುಕೊಂಡೇ ಬಾಯಿಗೆ ಹಾಕಿಕೊಂಡದ್ದು. ದಿನಾ ಹೀಗಾದರೆ ನಲವತ್ತು ದಿನಕ್ಕೆ 7600. ಒಂದು ಕೆಜಿ ಕೊಬ್ಬಿಗೆ ಹೆಚ್ಚುಕಡಿಮೆ 7700 ಕ್ಯಾಲೊರಿ ಅಂತ ಲೆಕ್ಕ. ದೇಹ ಇಷ್ಟು ನೇರವಾಗಿ ಕೂಡಿಸಿ ಕಳೆಯಲ್ಲ ಅನ್ನೋದು ಬೇರೆ ಮಾತು. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 1992ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ನಡೆದಿತ್ತು. 'ಎಷ್ಟು ಕಡಿಮೆ ತಿಂದರೂ ತೂಕ ಇಳಿಯಲ್ಲ' ಅನ್ನುತ್ತಿದ್ದವರನ್ನು ಪರೀಕ್ಷಿಸಿದರೆ, ನಿಜವಾಗಿ ತಿಂದದ್ದಕ್ಕಿಂತ ಸರಾಸರಿ 47% ಕಡಿಮೆ ಬರೆದುಕೊಟ್ಟಿದ್ದರು. ಅವರು ಬೇಕಂತಲೇ ಸುಳ್ಳು ಹೇಳಿದರು ಅಂತ ನನಗನಿಸಲ್ಲ. ನಿಂತು ತಿಂದದ್ದು ನೆನಪಲ್ಲಿ ಉಳಿಯಲ್ಲ, ಅಷ್ಟೇ.

ಹಾಗಾದರೆ ತಕ್ಕಡಿಯನ್ನೇ ಯಾಕೆ ಮುಂದುವರಿಸಲಿಲ್ಲ? ಒಂದು, ಮನೆ ಅಡುಗೆಯನ್ನು ಆ್ಯಪ್‌ಗೆ ಅರ್ಥ ಮಾಡಿಸೋದು ದೊಡ್ಡ ತಲೆನೋವು. ಖಾಲಿ ಪಾತ್ರೆ ತೂಗು, ಹಾಕಿದ್ದೆಲ್ಲ ಬರೆ, ಬೆಂದ ಮೇಲೆ ಮತ್ತೆ ತೂಗು, ನನ್ನ ಪಾಲು ಭಾಗಿಸು. ಅಷ್ಟರಲ್ಲಿ ಊಟ ಆರಿರುತ್ತಿತ್ತು. ಅದನ್ನಾದರೂ ಸಹಿಸಿಕೊಳ್ಳುತ್ತಿದ್ದೆನೇನೋ. ನಾಲ್ಕನೇ ವಾರ ಮಗಳು ತನ್ನ ತಟ್ಟೆಯನ್ನು ತಕ್ಕಡಿ ಮೇಲಿಟ್ಟು, "ಅಮ್ಮಾ, ನಂದರಲ್ಲಿ ಎಷ್ಟು ಕ್ಯಾಲೊರಿ? ಇಷ್ಟು ತಿಂದ್ರೆ ದಪ್ಪ ಆಗ್ತೀನಾ?" ಅಂದಳು. ಅವತ್ತೇ ತಕ್ಕಡಿ ಮೇಲಿನ ಕಪಾಟು ಸೇರಿತು. ಉಳಿದ ಎರಡು ವಾರ ಮಕ್ಕಳು ಮಲಗಿದ ಮೇಲೆ ಕಳ್ಳಲೆಕ್ಕ ಬರೆದು ಮುಗಿಸಿದೆ.

ತಟ್ಟೆಯ ಬಗ್ಗೆ ಹೇಳೋಕೆ ಕಡಿಮೆ ಇದೆ, ಅದೇ ಅದರ ಹೆಚ್ಚುಗಾರಿಕೆ. ತರಕಾರಿ ಎರಡು ಪಟ್ಟು ಮಾಡಿದೆ, ಅನ್ನದ ಪಾತ್ರೆ ಚಿಕ್ಕದು ಮಾಡಿದೆ, ಬಡಿಸುವಾಗ ಮೊದಲು ತರಕಾರಿ. ಮನೆಯಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ. ನಮ್ಮನೆಯವರ ತೂಕವೂ ಒಂದೂಚಿಲ್ಲರೆ ಕೆಜಿ ಇಳಿದಿದೆ, ಆ ಪುಣ್ಯ ತಮ್ಮ ಸಂಜೆ ವಾಕಿಂಗ್‌ನದ್ದು ಅಂತ ಅವರ ನಂಬಿಕೆ. ಇರಲಿ ಬಿಡಿ.

ಆದರೆ ತಟ್ಟೆಗೆ ಕಣ್ಣಿಲ್ಲ. ತಟ್ಟೆ ಮೇಲೆ ಬರದೆ ನೇರ ಬಾಯಿಗೆ ಹೋದದ್ದು ಅದಕ್ಕೆ ಕಾಣಲ್ಲ. ಎರಡನೇ ವಾರದಿಂದ ನಾಲ್ಕನೇ ವಾರದವರೆಗೆ ತೂಕ ಒಂದಿಂಚೂ ಅಲ್ಲಾಡಲಿಲ್ಲ. ಊಟ ಸರಿಯಾಗೇ ಇತ್ತು. ಹಳೇ ಸೋರಿಕೆ ಮತ್ತೆ ಶುರುವಾಗಿತ್ತು: ಬ್ರೆಡ್ಡಿನ ತುಂಡು, ಸೌಟಿನ ರುಚಿ, ಒಂದು ಹಿಡಿ ಕಡಲೆಕಾಯಿ. ತಕ್ಕಡಿಯ ಆರು ವಾರ ಕಲಿಸಿರದಿದ್ದರೆ ಇದು ನನಗೆ ಹೊಳೆಯುತ್ತಲೇ ಇರಲಿಲ್ಲ. ಫ್ರಿಜ್‌ನಲ್ಲಿ ಒಂದು ಡಬ್ಬಿ ಇಟ್ಟೆ. ಮಕ್ಕಳು ಬಿಟ್ಟದ್ದೆಲ್ಲ ಅದಕ್ಕೆ, ಮರುದಿನ ಸಂಜೆ ಅವರಿಗೇ ಮೊದಲು ಅದು. ರುಚಿ ನೋಡೋಕೆ ಸೌಟು ಬಿಟ್ಟು ಚಿಕ್ಕ ಚಮಚ. ಐದನೇ ವಾರ ಮುಳ್ಳು ಮತ್ತೆ ಕೆಳಗೆ ಹೊರಟಿತು.

ವ್ಯಾಯಾಮವನ್ನು ಈ ಸ್ಪರ್ಧೆಗೆ ಸೇರಿಸಲಿಲ್ಲ. ತೂಕದ ಮಟ್ಟಿಗೆ ಅದರ ಪಾಲು ಚಿಕ್ಕದು. 70 ಕೆಜಿ ಇರುವವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಸುಮಾರು 150 ಕ್ಯಾಲೊರಿ ಖರ್ಚು. ಒಂದು ದೊಡ್ಡ ಚಮಚ ಎಣ್ಣೆಯೇ 120. ಆದರೂ ನಡೆಯೋದು ಬಿಡಲಿಲ್ಲ, ಯಾಕಂದರೆ ನಿದ್ದೆ ಸುಧಾರಿಸಿತು, ಮೆಟ್ಟಿಲು ಹತ್ತುವಾಗಿನ ಏದುಸಿರು ನಿಂತಿತು. ಬೆಳಿಗ್ಗೆ ಐದೂವರೆಗೆ ಎದ್ದು ನಡೆಯುವ ಯೋಜನೆ 42 ದಿನದಲ್ಲಿ 11 ದಿನ ನಡೆಯಿತು. ಊಟ ಆದ ಮೇಲೆ ಹತ್ತತ್ತು ನಿಮಿಷ ನಡೆಯೋದು ಮಾತ್ರ ಸಲೀಸಾಗಿ ಹೊಂದಿಕೊಂಡಿತು. ರಾತ್ರಿಯ ಹತ್ತು ನಿಮಿಷಕ್ಕೆ ಮಗಳು ಜೊತೆ ಬರುತ್ತಾಳೆ, ಶಾಲೆಯ ಸುದ್ದಿ ಎಲ್ಲ ಆಗಲೇ ಹೊರಬೀಳೋದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ 150 ನಿಮಿಷ ಹೀಗೇ ತುಂಡುತುಂಡಾಗಿ ತುಂಬಿಬಿಡುತ್ತದೆ. ಹತ್ತು ಸಾವಿರ ಹೆಜ್ಜೆಯ ಹಟ ನನಗಿಲ್ಲ. ಆ ಸಂಖ್ಯೆ ಹುಟ್ಟಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ.

ಯಾವುದು ಆರಿಸಿಕೊಂಡೆ ಅಂದರೆ, ತಟ್ಟೆಯನ್ನು. ಜೊತೆಗೆ ಗಡಿಯಾರದಿಂದ ಒಂದು ಚೂರು ಕದ್ದಿದ್ದೇನೆ: ಒಂಬತ್ತೂವರೆಗೆ ಅಡುಗೆಮನೆ ದೀಪ ಆರಿಸಿದರೆ ಮುಗಿಯಿತು. ತಕ್ಕಡಿ ಎರಡು ತಿಂಗಳಿಗೊಮ್ಮೆ ಒಂದು ವಾರ ಮಾತ್ರ ಕೆಳಗಿಳಿಯುತ್ತದೆ, ಅದೂ ಮಕ್ಕಳು ಶಾಲೆಯಲ್ಲಿರುವಾಗ. ಹೊಸಬರು ಯಾರಾದರೂ ಕೇಳಿದರೆ ನಾನು ಹೇಳುವ ಕ್ರಮ ಬೇರೆ. ಮೊದಲು ಮೂರು ವಾರ ತಕ್ಕಡಿ, ಆಮೇಲೆ ತಟ್ಟೆ. ಮನೆಯಲ್ಲಿ ರಾತ್ರಿ ಊಟ ಬೇಗ ಆಗುವವರಿಗೆ, ಒಬ್ಬರೇ ಇರುವವರಿಗೆ ಗಡಿಯಾರ ನನಗಿಂತ ಚೆನ್ನಾಗಿ ಒಗ್ಗಬಹುದು.

ಹದಿನೆಂಟು ವಾರ ಮುಗಿದಾಗ 66.1 ಕೆಜಿ ಇದ್ದೆ. ಅದಾಗಿ ನಾಲ್ಕು ತಿಂಗಳಾಯಿತು. ಈಗ 64.8, ಸೊಂಟ 85. ಮೊನ್ನೆ ಮಗ ಫ್ರಿಜ್‌ನ ಡಬ್ಬಿ ತೆಗೆದು ನೋಡಿ, "ಇವತ್ತು ಇದರಲ್ಲಿ ಏನೂ ಇಲ್ವಲ್ಲಾ!" ಅಂದ. ಅಕ್ಕನ ಪಾಲನ್ನೂ ಅವನೇ ಮುಗಿಸಿದ್ದ.