ಡೀಸೆಲ್ ಪಿಕಪ್ ಹಿಂದೆ ಕ್ಯಾಂಪರ್ ಟ್ರೈಲರ್: ಆರು ಮಳೆಗಾಲ, 94 ಸಾವಿರ ಕಿಲೋಮೀಟರ್ ಆದ್ಮೇಲೆ

ಗಾಡಿ ಕಂಪನಿ ಹೆಸರು ಇಲ್ಲಿ ಹಾಕಲ್ಲ, ಎಂತಕ್ಕೆ ಅಂದ್ರೆ ನಾನು ಬರೀತಿರೋ ತೊಂದ್ರೆಗಳಲ್ಲಿ ಮುಕ್ಕಾಲು ಪಾಲು ಯಾವ ಕಂಪನಿ ಡೀಸೆಲ್ ಪಿಕಪ್ ತಗೊಂಡು ಮಲೆನಾಡಲ್ಲಿ ಓಡ್ಸಿದ್ರೂ ಬರೋವೇ. 2018ರ ಮಾಡೆಲ್, ಬಿಎಸ್4 (ಹೊಗೆ ನಿಯಮದ ಹಳೇ ಹಂತ, ಈಗಿಂದು ಬಿಎಸ್6), ಎರಡೂವರೆ ಲೀಟರ್ ಟರ್ಬೋ ಡೀಸೆಲ್, ಡಬಲ್ ಕ್ಯಾಬಿನ್, ಫೋರ್ ವೀಲ್ ಡ್ರೈವ್. 2020ರ ಶುರುಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಅವತ್ತಿಂದ ಇವತ್ತಿಗೆ ನನ್ನ ಕೈಲೇ 94 ಸಾವಿರ ಓಡಿದೆ. ಅದ್ರಲ್ಲಿ ಹತ್ರತ್ರ 15 ಸಾವಿರ ಕಿಲೋಮೀಟರ್ ಹಿಂದೆ ಟ್ರೈಲರ್ ಕಟ್ಕೊಂಡು ಓಡಿದ್ದು.

ಟ್ರೈಲರ್ ಯಾಕೆ ಅಂತ ತುಂಬಾ ಜನ ಕೇಳ್ತಾರೆ. ನಮ್ಮನೆ ತೀರ್ಥಹಳ್ಳಿ ಹತ್ರ, ಅಡಿಕೆ ತೋಟ. ಅಮ್ಮಂಗೆ ಎರಡೂ ಮಂಡಿ ನೋವು, ಕೆಳಗೆ ಕೂರೋಕೆ ಆಗಲ್ಲ, ಮೆಟ್ಲು ಹತ್ತೋಕೆ ಆಗಲ್ಲ, ಹೋದ ಕಡೆ ಟಾಯ್ಲೆಟ್ ಹೆಂಗಿರತ್ತೋ ಅನ್ನೋ ಹೆದರಿಕೆಗೇ ಮನೆ ಬಿಟ್ಟು ಹೊರಡೋದೇ ನಿಲ್ಲಿಸಿಬಿಟ್ಟಿದ್ರು. ಅಪ್ಪಯ್ಯ ಇದ್ದಾಗ ವರ್ಷಕ್ಕೊಂದ್ಸಲ ಅಡಿಕೆ ಕೊಯ್ಲು ಮುಗಿಸಿ ಜೀಪಲ್ಲಿ ಎಲ್ಲರನ್ನೂ ತುಂಬ್ಕೊಂಡು ಸಮುದ್ರ ನೋಡೋಕೆ ಕರ್ಕೊಂಡು ಹೋಗ್ತಿದ್ರು, ಅದೂ ನಿಂತೋಗಿತ್ತು. 2021ರ ಕೊನೇಲಿ ಬೆಂಗಳೂರು ಕಡೆ ಒಬ್ರು ಮಾಡಿಸ್ಕೊಂಡಿದ್ದ ಸಣ್ಣ ಕ್ಯಾಂಪರ್ ಟ್ರೈಲರ್ ಮಾರಾಟಕ್ಕೆ ಬಂತು. ಒಂದೇ ಆಕ್ಸಲ್, ಒಳಗೆ ಎರಡು ಮಂಚ, ಕಮೋಡು, ಸಣ್ಣ ಅಡುಗೆ ಕಟ್ಟೆ. ಖಾಲಿ 620 ಕೇಜಿ, ನೀರು ಸಾಮಾನು ಎಲ್ಲ ತುಂಬಿದ್ರೆ 800. ಅಮ್ಮ ಒಳಗೆ ಹೋಗಿ ಕೂತು ನೋಡಿ "ಇದ್ರಲ್ಲಾದ್ರೆ ಬರ್ತೀನಿ ಮಗಾ" ಅಂದ್ರು, ಅಷ್ಟೇ, ತಗೊಂಡೆ.

ಈಗ ವಿಷಯಕ್ಕೆ ಬರ್ತೀನಿ. ಟ್ರೈಲರ್ ಎಳೆಯೋರು ಎಲ್ರೂ ಹೆದರೋದು ಭಾರಕ್ಕೆ, ಪವರ್ ಸಾಕಾಗತ್ತಾ, ಟಾರ್ಕ್ ಎಷ್ಟು ಅಂತ. ನನ್ನ ಆರು ವರ್ಷದ ಅನುಭವದಲ್ಲಿ ಭಾರ ಈ ಗಾಡಿಗೆ ಲೆಕ್ಕಕ್ಕೇ ಇಲ್ಲ. ನಮ್ಮ ಕಡೆ ಗಾಡಿ ತಿನ್ನೋದು ನೀರು. ಡೀಸೆಲಲ್ಲಿ ನೀರು, ಡಿಫರೆನ್ಷಿಯಲಲ್ಲಿ (ಆಕ್ಸಲ್ ಮಧ್ಯ ಇರೋ, ಚಕ್ರಕ್ಕೆ ಶಕ್ತಿ ಹಂಚೋ ಗೇರ್ ಡಬ್ಬಿ) ನೀರು, ಬ್ರೇಕ್ ಆಯಿಲಲ್ಲಿ ನೀರು, ಟ್ರೈಲರ್ ಬೇರಿಂಗಲ್ಲಿ ನೀರು, ವೈರಿಂಗಲ್ಲಿ ನೀರು. ಆಗುಂಬೆ ಸೀಮೆಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೇಲೆ ಮಳೆ ಹುಯ್ಯತ್ತೆ, ನಮ್ಮೂರಲ್ಲಿ ಅಷ್ಟಿಲ್ಲ ಆದ್ರೂ ಜೂನಿಂದ ಸೆಪ್ಟೆಂಬರ್ ತನಕ ಕೊಟ್ಟಿಗೆಲಿ ನಿಲ್ಸಿದ ಗಾಡಿ ಸೀಟಿಗೂ ಬೂಷ್ಟು ಹಿಡಿಯತ್ತೆ. ಕಂಪನಿ ಕೊಟ್ಟಿರೋ ಸರ್ವೀಸ್ ಪುಸ್ತಕ ಇದನ್ನ ನೋಡಿ ಬರ್ದಿದ್ದಲ್ಲ.

ಮೊದಲನೇ ಪಾಠ 2020ರ ಮಳೆಗಾಲದಲ್ಲೇ ಆಯ್ತು, ಆಗಿನ್ನೂ ಟ್ರೈಲರ್ ಇರ್ಲಿಲ್ಲ. ಟಿಲ್ಲರಿಗೆ, ಔಷಧಿ ಹೊಡೆಯೋ ಪಂಪಿಗೆ ಅಂತ ಮನೇಲಿ ಒಂದು ಡ್ರಮ್ ಡೀಸೆಲ್ ಇಟ್ಕೋತಿದ್ವಿ. ಲಾಕ್‌ಡೌನ್ ಟೈಮು, ಪೇಟೆಗೆ ಹೋಗೋದ್ಯಾಕೆ ಅಂತ ಅದ್ರಿಂದಲೇ ಪಿಕಪ್ಪಿಗೂ ಹಾಕಿದೆ. ಅರ್ಧ ಖಾಲಿ ಇರೋ ಡ್ರಮ್ಮಲ್ಲಿ ಹಗಲು ರಾತ್ರಿ ಬಿಸಿಗೆ ತಂಪಿಗೆ ಒಳಗಡೆ ಬೆವರು ಕಟ್ಟತ್ತೆ, ಅದು ಇಳಿದು ತಳದಲ್ಲಿ ನಿಲ್ಲತ್ತೆ, ನಾನು ಪೈಪ್ ಹಾಕಿ ಎಳೆದಿದ್ದೇ ತಳದಿಂದ. ಹಳೇ ಟಿಲ್ಲರ್ ಇಂಜಿನ್ ಸ್ವಲ್ಪ ನೀರು ಬಂದ್ರೂ ಕೆಮ್ಮಿ ಕೆಮ್ಮಿ ಓಡ್ಕೊಳ್ಳತ್ತೆ, ಆದ್ರೆ ಪಿಕಪ್ಪಿನ ಕಾಮನ್ ರೈಲ್ ಇಂಜಿನ್ ಹಂಗಲ್ಲ ಮಾರಾಯ್ರೆ, ಅದ್ರಲ್ಲಿ ಡೀಸೆಲ್ 1600 ಬಾರ್ ಲೆಕ್ಕದ ಪ್ರೆಶರಲ್ಲಿ ಹೋಗತ್ತೆ, ಪಂಪಿಗೂ ಡೀಸೆಲ್ ಚಿಮ್ಮಿಸೋ ಇಂಜೆಕ್ಟರಿಗೂ ಆ ಡೀಸೆಲ್ಲೇ ಎಣ್ಣೆ ಇದ್ದ ಹಾಗೆ, ಅಲ್ಲಿ ನೀರು ಬಂದ್ರೆ ಲೋಹ ಲೋಹಕ್ಕೆ ಉಜ್ಜತ್ತೆ. ಎರಡು ಇಂಜೆಕ್ಟರ್ ಹೋದ್ವು, ಎಲ್ಲ ಸೇರಿ 46 ಸಾವಿರ ಬಿಲ್ಲು. ಅಲ್ಲಿಂದ ಡ್ರಮ್ ಡೀಸೆಲ್ ಪಿಕಪ್ಪಿಗೆ ಒಂದು ತೊಟ್ಟೂ ಹಾಕಿಲ್ಲ. ಮಳೆಗಾಲದಲ್ಲಿ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಬಿಡಲ್ಲ, ಒಳಗೆ ಗಾಳಿ ಜಾಗ ಕಮ್ಮಿ ಇದ್ದಷ್ಟೂ ಬೆವರು ಕಮ್ಮಿ. ಡೀಸೆಲ್ ಫಿಲ್ಟರ್ ಬುಡದಲ್ಲಿ ನೀರು ಬಿಡೋ ಸ್ಕ್ರೂ ಇರತ್ತೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಂದ್ಸಲ ಒಂದು ಗಾಜಿನ ಲೋಟ ಹಿಡಿದು ಬಿಡ್ತೀನಿ. ನೀರಿದ್ರೆ ತಳದಲ್ಲಿ ಬೇರೆಯಾಗಿ ಕಾಣತ್ತೆ. ಮೀಟರಲ್ಲಿ ವಾರ್ನಿಂಗ್ ಲೈಟ್ ಬರೋ ತನಕ ಕಾಯ್ಬೇಡಿ. ಫಿಲ್ಟರನ್ನ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಮೊದ್ಲೇ, 10 ಸಾವಿರಕ್ಕೆ ಬದಲಾಯಿಸ್ತೀನಿ.

ಎರಡನೇದು ಹಳ್ಳದ್ದು. ನಮ್ಮನೆ ದಾರಿಲಿ ಒಂದು ಹಳ್ಳ, ನಡ್ಕೊಂಡು ಹೋಗೋರಿಗೆ ಸಂಕ ಇದೆ, ಗಾಡಿ ನೀರಲ್ಲೇ ಇಳೀಬೇಕು. ಪೇಟೆಯಿಂದ ಓಡಿ ಬಂದ ಗಾಡಿ ಆಕ್ಸಲ್ ಬಿಸಿ ಇರತ್ತೆ, ಅದನ್ನ ತಟ್ಟನೆ ತಣ್ಣೀರಿಗೆ ಇಳಿಸಿದ್ರೆ ಒಳಗಿನ ಗಾಳಿ ಕುಗ್ಗಿ ಬ್ರೀದರ್ (ಗಾಳಿ ಆಡೋ ತೂತು) ಮೂಲಕ ಸೀಲ್ ಸಂದಿ ಮೂಲಕ ನೀರನ್ನ ಒಳಗೆ ಎಳ್ಕೊಳ್ಳತ್ತೆ. ಇದು ಗೊತ್ತಾಗಿದ್ದು 2021ರಲ್ಲಿ, ಶಿವಮೊಗ್ಗ ಆಟೋ ಕಾಂಪ್ಲೆಕ್ಸಲ್ಲಿ ನಮ್ಮ ಖಾಯಂ ಮೆಕ್ಯಾನಿಕ್ ಹಿಂದಿನ ಡಿಫರೆನ್ಷಿಯಲ್ ಬೋಲ್ಟ್ ಬಿಚ್ಚಿದ ತಕ್ಷಣ "ಗೌಡ್ರೇ, ದಿನಾ ಹಳ್ಳ ದಾಟ್ತೀರಾ?" ಅಂತ ಕೇಳಿದ್ರು. ಆಯಿಲ್ ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿತ್ತು. ಪುಣ್ಯಕ್ಕೆ ಗೇರ್ ಹಲ್ಲಿಗೆ ಏನೂ ಆಗಿರ್ಲಿಲ್ಲ. ಅವರೇ ಬ್ರೀದರಿಗೆ ಒಂದು ಉದ್ದದ ರಬ್ಬರ್ ಪೈಪ್ ಹಾಕಿ ಮೇಲೆ ಸಾಮಾನು ತುಂಬೋ ಟಬ್ ಹತ್ರ ಏರಿಸಿ ಕಟ್ಟಿ ಕೊಟ್ರು, ಇನ್ನೂರು ರೂಪಾಯಿ ಖರ್ಚಿನ ಕೆಲಸ. ಟ್ರೈಲರ್ ಎಳೆಯೋ ಗಾಡಿಗೆ ಹಿಂದಿನ ಡಿಫರೆನ್ಷಿಯಲ್ ಮೇಲೆ ಮಾಮೂಲಿಗಿಂತ ಜಾಸ್ತಿ ಒತ್ತಡ, ಅದ್ರಲ್ಲಿ ಕೆಟ್ಟ ಆಯಿಲ್ ಇದ್ರೆ ಬೇಗ ಸೌಂಡ್ ಶುರು ಆಗತ್ತೆ. ಈಗ ಪ್ರತೀ ಅಕ್ಟೋಬರಲ್ಲಿ, ಮಳೆ ಬಿಟ್ಟ ಮೇಲೆ, ಮುಂದಿಂದು ಹಿಂದಿಂದು ಟ್ರಾನ್ಸ್‌ಫರ್ ಕೇಸು (ಮುಂದಿನ ಹಿಂದಿನ ಆಕ್ಸಲಿಗೆ ಶಕ್ತಿ ಹಂಚೋ ಗೇರ್ ಡಬ್ಬಿ) ಮೂರೂ ಬಿಚ್ಚಿ ನೋಡ್ತೀವಿ, ಬಣ್ಣ ಚೂರು ಬದಲಾಗಿದ್ರೂ ಕಿಲೋಮೀಟರ್ ಲೆಕ್ಕ ನೋಡ್ದೆ ಆಯಿಲ್ ಹೊಸದು.

ಬ್ರೇಕ್ ವಿಷಯ ಸ್ವಲ್ಪ ವಿವರವಾಗಿ ಬರೀತೀನಿ, ಯಾಕಂದ್ರೆ ಇದು ಜೀವದ ಪ್ರಶ್ನೆ.

2023 ಜನವರಿ, ಮರವಂತೆಗೆ ಹೊರಟಿದ್ವಿ, ಅಮ್ಮ, ನನ್ನ ಹೆಂಡತಿ, ಮಗಳು. ಆಗುಂಬೆ ಘಾಟಿಲಿ ಟ್ರೈಲರ್ ಇಳಿಸಲ್ಲ ಅಂತ ಮೊದ್ಲಿಂದ ತೀರ್ಮಾನ, ಆ 14 ಹೇರ್‌ಪಿನ್ ತಿರುವಲ್ಲಿ ಎದುರಿಂದ ಬಸ್ ಬಂದ್ರೆ ರಿವರ್ಸ್ ತಗೊಳೋ ಜಾಗ ಇಲ್ಲ. ಅದಕ್ಕೆ ಮಾಸ್ತಿಕಟ್ಟೆ ಮೇಲೆ ಹುಲಿಕಲ್, ಬಾಳೆಬರೆ ಘಾಟಿ ಇಳ್ಕೊಂಡು ಸಿದ್ದಾಪುರ, ಕುಂದಾಪುರ ಅಂತ ಹೋಗ್ತಿದ್ವಿ. ಮೂರನೇ ಗೇರಲ್ಲಿ ಇಳೀತಿದ್ದೆ, ಅದೇ ತಪ್ಪು, ತಿರುವಿಗೊಂದ್ಸಲ ಬ್ರೇಕ್ ಒತ್ತಬೇಕಾಯ್ತು. ಅರ್ಧ ಘಾಟಿ ಇಳಿಯೋ ಹೊತ್ತಿಗೆ ಪೆಡಲ್ ಮೆತ್ತಗೆ ಆಗೋಕೆ ಶುರು, ಆಮೇಲೆ ಒಂದು ತಿರುವಲ್ಲಿ ಒತ್ತಿದ್ರೆ ನೆಲಕ್ಕೆ ಹೋಯ್ತು. ಎರಡನೇ ಗೇರಿಗೆ ಎಳೆದೆ, ಇಂಜಿನ್ ಕಿರುಚ್ತು, ಆಮೇಲೆ ಫಸ್ಟು, ಹ್ಯಾಂಡ್ ಬ್ರೇಕ್ ನಿಧಾನಕ್ಕೆ ಎಳೆದು ದಿಬ್ಬದ ಪಕ್ಕ ಅಗಲ ಇರೋ ಜಾಗದಲ್ಲಿ ನಿಲ್ಸಿದೆ. ಕೆಳಗಿಳಿದು ಚಕ್ರಕ್ಕೆ ಕಲ್ಲು ಕೊಡೋವಾಗ ಕೈ ನಡುಗ್ತಿತ್ತು. ಹಿಂದೆ ತಿರುಗಿ ನೋಡಿದ್ರೆ ಅಮ್ಮ ಕಣ್ಣು ಮುಚ್ಕೊಂಡು ಕೂತಿದ್ರು. ಮುಕ್ಕಾಲು ಗಂಟೆ ತಣ್ಣಗಾಗೋಕೆ ಬಿಟ್ಟು ಆಮೇಲೆ ಉಳಿದಿದ್ದನ್ನ ಫಸ್ಟ್ ಗೇರಲ್ಲೇ ಇಳಿದ್ವಿ.

ಕಾರಣ ಎರಡು, ಎರಡೂ ನೀರಿಂದಲೇ. ಬ್ರೇಕ್ ಆಯಿಲ್ ಗಾಳಿಯ ತೇವ ಎಳ್ಕೊಳ್ಳೋ ಗುಣದ್ದು. ಡಾಟ್ 4 ಅನ್ನೋ ಗ್ರೇಡಿನ ಬ್ರೇಕ್ ಆಯಿಲ್ ಹೊಸದಾದ್ರೆ 230 ಡಿಗ್ರಿ ತನಕ ಕುದಿಯಬಾರದು ಅಂತ ಸ್ಟ್ಯಾಂಡರ್ಡ್ ಇದೆ, ಅದೇ ನೀರು ಎಳ್ಕೊಂಡ ಆಯಿಲಿಗೆ ಆ ಮಿತಿ 155ಕ್ಕೆ ಇಳಿಯತ್ತೆ. ಘಾಟಿಲಿ ಭಾರ ಇಟ್ಕೊಂಡು ಬ್ರೇಕ್ ಒತ್ತುತ್ತಾ ಇದ್ರೆ ಅಷ್ಟು ಬಿಸಿ ಸುಲಭವಾಗಿ ಬರತ್ತೆ, ಒಳಗೆ ಕುದ್ದು ಆವಿ ಆಗತ್ತೆ, ಆವಿನ ಎಷ್ಟು ಒತ್ತಿದ್ರೂ ಕುಗ್ಗತ್ತೆ ಅಷ್ಟೇ, ಬ್ರೇಕ್ ಹಿಡಿಯಲ್ಲ. ನನ್ನ ಆಯಿಲ್ ಬದಲಾಯಿಸಿ ಮೂರು ಮಳೆಗಾಲ ಆಗಿತ್ತು. ಇನ್ನೊಂದು, ಟ್ರೈಲರಿಗೆ ಅದ್ರದ್ದೇ ಓವರ್‌ರನ್ ಬ್ರೇಕ್ ಇತ್ತು, ಗಾಡಿ ನಿಧಾನ ಆದಾಗ ಟ್ರೈಲರ್ ಮುಂದಕ್ಕೆ ಒತ್ತಿ ತಾನೇ ಬ್ರೇಕ್ ಹಾಕ್ಕೊಳ್ಳೋದು, ಅದ್ರ ಕೇಬಲ್ ತುಕ್ಕು ಹಿಡಿದು ಕೊಳವೆ ಒಳಗೇ ಅಂಟ್ಕೊಂಡಿತ್ತು. ಅಂದ್ರೆ 800 ಕೇಜಿ ನಿಲ್ಸೋ ಕೆಲಸನೂ ಪಿಕಪ್ ಮೇಲೇ ಬಿದ್ದಿತ್ತು. ಹೊರಡೋಕೆ ಮುಂಚೆ ನೋಡಿದ್ರೆ ಐದು ನಿಮಿಷದಲ್ಲಿ ಗೊತ್ತಾಗ್ತಿತ್ತು.

ಈಗ ಪ್ರತೀ ವರ್ಷ ಮಳೆಗಾಲ ಮುಗಿದ ಮೇಲೆ ಬ್ರೇಕ್ ಆಯಿಲ್ ಪೂರ್ತಿ ಬದಲು, ಸೀಲ್ ಒಡೆದು ಉಳಿದ ಡಬ್ಬ ಎತ್ತಿಟ್ಟು ಮುಂದಿನ ವರ್ಷಕ್ಕೆ ಬಳಸಲ್ಲ. ಟ್ರೈಲರ್ ಕೇಬಲ್ ಹೊಸದು, ಪ್ರತೀ ಟ್ರಿಪ್ಪಿಗೆ ಮುಂಚೆ ಅಂಗಳದಲ್ಲಿ ಎಳೆದು ನೋಡೋದು. ಘಾಟಿ ಇಳಿಯೋಕೆ ಮುಂಚೆ, ಮೇಲೇನೇ, ಎರಡನೇ ಗೇರು. ಹತ್ತೋವಾಗ ಯಾವ ಗೇರೋ ಇಳಿಯೋವಾಗಲೂ ಅದೇ ಗೇರು ಅಂತ ಹಳೇ ಲಾರಿ ಡ್ರೈವರ್‌ಗಳು ಹೇಳ್ತಿದ್ದಿದ್ದು ಸುಮ್ನೆ ಅಲ್ಲ. ಹಿಂದೆ ಸಾಲು ನಿಂತು ಹಾರನ್ ಹೊಡೆದ್ರೆ ಹೊಡೀಲಿ, ಅಗಲ ಸಿಕ್ಕ ಕಡೆ ಪಕ್ಕಕ್ಕೆ ಬಿಟ್ಟು ಅವರನ್ನ ಮುಂದೆ ಕಳಿಸಿ.

ಟ್ರೈಲರ್ ತೂಕ ಹೆಂಗೆ ಹಂಚಬೇಕು ಅನ್ನೋದನ್ನೂ ಇಲ್ಲೇ ಹೇಳ್ತೀನಿ. ಮೊದಲನೇ ಟ್ರಿಪ್ಪಲ್ಲಿ ಭದ್ರಾವತಿ ರೋಡಲ್ಲಿ 70 ದಾಟಿದ ಕೂಡಲೇ ಟ್ರೈಲರ್ ಅತ್ಲಾಗಿತ್ಲಾಗೆ ಬೀಸೋಕೆ ಶುರು ಮಾಡ್ತು. ಬ್ರೇಕ್ ಒತ್ತದೆ ಆಕ್ಸಿಲರೇಟರ್ ಬಿಟ್ಟು ನಿಧಾನ ಮಾಡಿದ್ಮೇಲೆ ನಿಂತಿತು. ಮನೆಗೆ ಬಂದು ಅಡಿಕೆ ತೂಗೋ ಸ್ಕೇಲ್ ಮೇಲೆ ಮರದ ದಿಮ್ಮಿ ಇಟ್ಟು ಟ್ರೈಲರ್ ಮೂತಿನ ಹುಕ್ಕಿನ ಎತ್ತರಕ್ಕೆ ಕೂರಿಸಿ ನೋಡಿದ್ರೆ ಬರೀ 35 ಕೇಜಿ. ಒಟ್ಟು ತೂಕದ ನೂರಕ್ಕೆ ಹತ್ತಾದ್ರೂ ಮೂತಿ ಮೇಲೆ ಬೀಳ್ಬೇಕು, ಅಂದ್ರೆ ನನ್ನದಕ್ಕೆ 80. ನೀರಿನ ಟ್ಯಾಂಕ್ ಹಿಂಭಾಗದಲ್ಲಿ ಕೂರಿಸಿದ್ರು, ಅದನ್ನ ಆಕ್ಸಲಿಂದ ಮುಂದಕ್ಕೆ ತಂದ್ವಿ, ಗ್ಯಾಸ್ ಸಿಲಿಂಡರನ್ನೂ ಮುಂದಕ್ಕೆ ತಂದ್ವಿ, ಈಗ 85 ಬರತ್ತೆ, ಬೀಸೋದು ಇಲ್ಲವೇ ಇಲ್ಲ. ಆದ್ರೂ 60ರ ಮೇಲೆ ಓಡ್ಸಲ್ಲ.

ಕ್ಲಚ್ ಪ್ಲೇಟ್ ಒಂದ್ಸಲ ಹೋಗಿದೆ, ಅದು ಪೂರ್ತಿ ನನ್ನ ರಿವರ್ಸಿಂದ. ಮನೆ ದಾರಿ ಜಂಬಿಟ್ಟಿಗೆ ಏರು, ಟ್ರೈಲರ್ ಹಿಂದಕ್ಕೆ ಏರಿಸಿ ಕೊಟ್ಟಿಗೆಗೆ ಬಿಡ್ಬೇಕು, ರಿವರ್ಸ್ ಗೇರಲ್ಲಿ ಹಾಫ್ ಕ್ಲಚ್ಚಲ್ಲೇ ಕಾಲು ಗಂಟೆ. ಈಗ ಮಣ್ಣಿನ ದಾರಿಲಿ ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ ಗೇರು) ಹಾಕಿ ಹಿಂದೆ ಬಿಡ್ತೀನಿ, ಕ್ಲಚ್ಚಿಂದ ಪೂರ್ತಿ ಕಾಲು ತೆಗೆದ್ರೂ ಗಾಡಿ ಇರುವೆ ಥರ ಹತ್ತತ್ತೆ. ಟಾರ್ ರೋಡಲ್ಲಿ ಮಾತ್ರ ಇದನ್ನ ಮಾಡ್ಬೇಡಿ, ತಿರುಗಿಸೋವಾಗ ಒಳಗೆ ಎಳೆದಾಡತ್ತೆ.

ಇಂಜಿನ್ ಆಯಿಲ್ 5 ಸಾವಿರಕ್ಕೆ. ಟ್ರೈಲರ್ ಎಳ್ಕೊಂಡು ಘಾಟಿ ಹತ್ತಿ ಬಂದು ನಿಲ್ಸಿದ್ರೆ ತಕ್ಷಣ ಕೀ ತಿರುಗಿಸಲ್ಲ, ಎರಡು ಮೂರು ನಿಮಿಷ ಐಡ್ಲಿಂಗ್, ಟರ್ಬೋ ಒಳಗಿನ ಆಯಿಲ್ ಅಲ್ಲೇ ಸುಡಬಾರ್ದು ಅಂತ. ಮೈಲೇಜ್ ಖಾಲಿ 12, ಟ್ರೈಲರ್ ಇದ್ರೆ 8 ಚಿಲ್ಲರೆ. ಬಿಎಸ್6 ಗಾಡಿ ಇರೋರಿಗೆ ಒಂದ್ಮಾತು, ನನ್ನ ಬಾಮೈದನ ಹತ್ರ ಅಂಥದ್ದಿದೆ, ತೋಟದಿಂದ ಪೇಟೆಗೆ ನಾಲ್ಕು ಕಿಲೋಮೀಟರ್ ಓಡ್ಸಿ ಓಡ್ಸಿ ಡಿಪಿಎಫ್ (ಹೊಗೆಲಿರೋ ಮಸಿ ಹಿಡಿಯೋ ಫಿಲ್ಟರ್) ಲೈಟ್ ಬರ್ತಿತ್ತು, ಮಸಿ ಸುಡೋವಷ್ಟು ಬಿಸಿನೇ ಆಗಲ್ಲ ಅಷ್ಟು ದೂರಕ್ಕೆ. ವಾರಕ್ಕೊಂದ್ಸಲ ಶಿವಮೊಗ್ಗ ತನಕ ಒಂದೇ ಸಮ ಓಡ್ಸೋಕೆ ಶುರು ಮಾಡಿದ್ಮೇಲೆ ನಿಂತಿದೆ. ಆ ಗಾಡಿಗಳಿಗೆ ಆಯಿಲೂ ಕಂಪನಿ ಹೇಳಿದ ಗ್ರೇಡೇ ಹಾಕಿ, ಬೂದಿ ಜಾಸ್ತಿ ಬಿಡೋ ಹಳೇ ಡೀಸೆಲ್ ಆಯಿಲ್ ಬೇಡ.

ಟ್ರೈಲರಿನ ಬೇರಿಂಗ್ ಕಥೆನೂ ಡಿಫರೆನ್ಷಿಯಲ್ ಕಥೆನೇ, ಬಿಸಿ ಹಬ್ (ಚಕ್ರದ ನಡುಭಾಗ) ನೀರಿಗೆ ಇಳಿದ್ರೆ ಒಳಗೆ ಎಳ್ಕೊಳ್ಳತ್ತೆ. ವರ್ಷಕ್ಕೊಂದ್ಸಲ ಬಿಚ್ಚಿ ಡೀಸೆಲಲ್ಲಿ ತೊಳೆದು ಹೊಸ ಗ್ರೀಸ್, ಸೀಲ್ ಅಂತೂ ಪ್ರತೀ ಸಲ ಹೊಸದೇ. ದಾರಿಲಿ ಟೀಗೆ ನಿಲ್ಸಿದಾಗೆಲ್ಲ ಎರಡೂ ಹಬ್ ಮೇಲೆ ಕೈ ಇಟ್ಟು ನೋಡ್ತೀನಿ, ಒಂದು ಬೆಚ್ಚಗೆ ಇನ್ನೊಂದು ಮುಟ್ಟೋಕಾಗದಷ್ಟು ಬಿಸಿ ಇದ್ರೆ ಮುಂದೆ ಹೋಗೋ ಹಾಗಿಲ್ಲ. ಲೈಟಿನ ಏಳು ಪಿನ್ ಸಾಕೆಟ್ಟಿಗೆ ಎರಡೇ ತಿಂಗಳಲ್ಲಿ ಹಸಿರು ಕಿಲುಬು ಬರತ್ತೆ, ಆಗ ಇಂಡಿಕೇಟರ್ ಹಾಕಿದ್ರೆ ಬ್ರೇಕ್ ಲೈಟ್ ಮಿನುಗತ್ತೆ. ಸಣ್ಣ ಬ್ರಷ್ಷಲ್ಲಿ ಉಜ್ಜಿ ವ್ಯಾಸಲೀನ್ ಸವರಿ, ಮೇಲೆ ಹಳೇ ಸೈಕಲ್ ಟ್ಯೂಬ್ ತುಂಡು ಹಾಕಿ ಕಟ್ಟಿಡ್ತೀನಿ. ಇಲಿ ಕಾಟಕ್ಕೆ ಬಾನೆಟ್ ಒಳಗೆ ಹೊಗೆಸೊಪ್ಪಿನ ಗಂಟು ಇಡ್ತೀನಿ, ತಿಂಗಳಿಗೊಂದ್ಸಲ ಬದಲಾಯಿಸ್ಬೇಕು. ಸಮುದ್ರದ ಕಡೆ ಹೋಗಿ ಬಂದ್ರೆ ಮಾರನೇ ದಿನವೇ ಸಿಹಿನೀರಲ್ಲಿ ಅಡಿಭಾಗ ಪೂರ್ತಿ ತೊಳೆಯೋದು, ಉಪ್ಪು ಒಂದು ವಾರ ಕೂತ್ರೂ ಲೀಫ್ ಸ್ಪ್ರಿಂಗ್ ಸಂದಿಲಿ ತುಕ್ಕು ಏಳತ್ತೆ.

ಟ್ರೈಲರಿಗೆ ರಿಜಿಸ್ಟ್ರೇಷನ್ ಬೇಡ ಅಂತ ಮಾರೋರು ಹೇಳ್ತಾರೆ, ನಂಬ್ಬೇಡಿ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಟ್ರೈಲರೂ ಮೋಟಾರು ವಾಹನವೇ. ಇನ್ಶೂರೆನ್ಸಲ್ಲೂ ಸೇರಿಸ್ಕೊಳ್ಳಿ.

ದುಡ್ಡಿನ ಲೆಕ್ಕ ಕೇಳಿದ್ರೆ, ಇಂಜೆಕ್ಟರ್ ಮತ್ತೆ ಕ್ಲಚ್ ಬಿಟ್ಟು ಗಾಡಿ ಟ್ರೈಲರ್ ಎರಡೂ ಸೇರಿ ವರ್ಷಕ್ಕೆ 35 ಸಾವಿರದ ಆಸುಪಾಸು ಬರತ್ತೆ. ಅಷ್ಟು ಬರ್ಲಿ. ಸಿಗಂದೂರಿಗೆ ಮೊದಲೆಲ್ಲ ಟ್ರೈಲರ್ ತಗೊಂಡು ಹೋಗೋ ಯೋಚನೆನೇ ಬಿಟ್ಟಿದ್ದೆ, ಲಾಂಚಿಗೆ ಹತ್ತಿಸೋದು ಯಾರು ಅಂತ. 2025ರ ಜುಲೈಲಿ ಶರಾವತಿ ಹಿನ್ನೀರಿನ ಸೇತುವೆ ಓಪನ್ ಆಯ್ತು, ಈ ಜನವರಿಲಿ ಅಮ್ಮನ್ನ ಕರ್ಕೊಂಡು ಸೇತುವೆ ಮೇಲೇ ದಾಟಿದ್ವಿ, ದೇವಿ ದರ್ಶನ ಮಾಡ್ಸಿ, ತುಮರಿ ಕಡೆ ನಮ್ಮ ನೆಂಟರ ಜಾಗದಲ್ಲಿ ಹಿನ್ನೀರು ಕಾಣೋ ಹಾಗೆ ಟ್ರೈಲರ್ ನಿಲ್ಸಿ ಎರಡು ರಾತ್ರಿ ಇದ್ವಿ. ಬೆಳಿಗ್ಗೆ ಮಂಜು ಇಳಿಯೋ ಹೊತ್ತಿಗೆ ಅಮ್ಮ ಟ್ರೈಲರ್ ಬಾಗ್ಲಲ್ಲಿ ಕೂತು ಕಾಫಿ ಕುಡೀತಾ ನೀರು ನೋಡ್ತಿದ್ರು, ನಾನು ಕೆಳಗೆ ಕೂತು ಹಬ್ ಕ್ಯಾಪ್ ಒರೆಸ್ತಿದ್ದೆ. "ಅಪ್ಪಯ್ಯನೂ ಹಿಂಗೇ, ಹೋದಲ್ಲೆಲ್ಲ ಜೀಪಿನ ಕೆಳಗೇ ಇರ್ತಿದ್ರು" ಅಂದ್ರು.

ಈ ಮಳೆಗಾಲಕ್ಕೆ ಮುಂಚೆ ಮಾಡ್ಸೋದು ಉಳಿದಿರೋದು ಟ್ರೈಲರ್ ಟೈರು. ಟ್ರೆಡ್ ಸವೆದಿಲ್ಲ ಆದ್ರೆ ಪಕ್ಕದಲ್ಲಿ ಸಣ್ಣ ಬಿರುಕು ಬಂದಿದೆ, ನಿಂತೇ ನಿಂತು ಹಾಳಾಗಿದ್ದು. ಎರಡೂ ಬದಲಾಯಿಸಿ, ಆಕ್ಸಲ್ ಕೆಳಗೆ ಕಲ್ಲು ಕೊಟ್ಟು ಚಕ್ರ ನೆಲದಿಂದ ಎತ್ತಿಟ್ಟು, ಸೆಪ್ಟೆಂಬರ್ ಕೊನೆಗೆ ಇಳಿಸೋದು.